ತೊಗರಿಯ ತೇವಕ್ಕೆ ಎರಡು ಉತ್ತರ ಇಲ್ಲ

"ನಿಮ್ದು ನಿಮಗ ಖರೆ, ನಮ್ದು ನಮಗ ಖರೆ, ಬಿಡ್ರಿ." ಕಲಬುರಗಿಯ ಚಹಾದಂಗಡಿಯಲ್ಲಿ ದೇವರ ಮಾತು ಬಂದರೆ ಅದು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ಜಗಳ ಬೇಡ ಅಂತ. ಬಂದೇನವಾಜ್ ದರ್ಗಾ, ಶರಣಬಸವೇಶ್ವರರ ಗುಡಿ, ಬುದ್ಧ ವಿಹಾರ, ಚರ್ಚು ಎಲ್ಲ ಒಂದೇ ಊರಲ್ಲಿರುವಾಗ ಆ ಮಾತಿಗೆ ಬೆಲೆ ಇದೆ. ಆದರೆ ಅದು ಕೂಡಿ ಬಾಳುವುದು ಹೇಗೆ ಅನ್ನುವ ಮಾತು. ಯಾವುದು ಖರೆ ಅನ್ನುವ ಪ್ರಶ್ನೆ ಅಲ್ಲಿ ಇನ್ನೂ ಎದ್ದೇ ಇಲ್ಲ.

ಎಪಿಎಂಸಿಗೆ ತೊಗರಿ ತಂದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಯಾರ ಹೊಲದ ಬೇಳೆ ರುಚಿ ಅನ್ನುವುದು ಅವರವರ ನಾಲಿಗೆಗೆ ಬಿಟ್ಟದ್ದು. ಕ್ವಿಂಟಲ್‌ಗೆ ಎಷ್ಟು ಅನ್ನುವುದು ಕೊಡುವವರೂ ಕೊಳ್ಳುವವರೂ ಕೂಡಿ ಒಪ್ಪುವ ಸಂಗತಿ, ನಾಳೆ ಬದಲಾಗಬಹುದು. ತೇವಾಂಶ ಹಾಗಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಅದು ಶೇ 12 ದಾಟಬಾರದು. ರೈತ 11 ಅಂತಾನೆ, ಕೊಳ್ಳುವವ 14 ಅಂತಾನೆ, ಚೀಲದೊಳಗಿನ ಕಾಳಿಗೆ ಇರುವುದು ಒಂದೇ ತೇವ. ಮೀಟರ್ ಕೆಟ್ಟಿರಬಹುದು, ಹೌದು. ಆದರೆ ಮೀಟರ್ ತಪ್ಪು ತೋರಿಸುತ್ತಿದೆ ಅಂತ ನಾವು ಜಗಳ ತೆಗೆಯುವುದೇ ಸರಿಯಾದ ಅಂಕಿಯೊಂದು ಇದೆ ಅನ್ನುವ ನಂಬಿಕೆಯಿಂದ.

ಕಾಲೇಜಿನ ಪುಸ್ತಕದಲ್ಲಿ "ನಿರಪೇಕ್ಷ ಸತ್ಯ" ಅಂತ ಬರುವುದು ಈ ತೇವದಂಥದ್ದು. ಯಾರು ಹೇಳಿದರು, ಯಾವ ಊರಲ್ಲಿ ಹೇಳಿದರು, ಎಷ್ಟು ಮಂದಿ ಒಪ್ಪಿದರು ಎಂಬುದರ ಮೇಲೆ ಅದು ನಿಂತಿಲ್ಲ.

ಧರ್ಮದ ಮಾತಿನಲ್ಲಿ ರುಚಿ, ದರ, ತೇವ ಮೂರೂ ಬೆರೆತೇ ಬರುತ್ತವೆ. ಆರಾಧನೆಗೆ ತಬಲ ಹಾರ್ಮೋನಿಯಂ ಬೇಕೋ ಕೀಬೋರ್ಡ್ ಬೇಕೋ ಅನ್ನುವುದು ರುಚಿ. ಭಾನುವಾರ ಎಷ್ಟು ಗಂಟೆಗೆ ಕೂಡಬೇಕು, ಚಪ್ಪಲಿ ಎಲ್ಲಿ ಬಿಡಬೇಕು ಅನ್ನುವುದು ಸಭೆ ಕೂಡಿ ಒಪ್ಪಿದ ದರ. ಯೇಸು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದನು ಅನ್ನುವುದು ತೇವ. ನಮ್ಮ ಬಹಳ ಕ್ರೈಸ್ತ ಸಭೆಗಳಲ್ಲಿ ಜಗಳವೆಲ್ಲ ಮೊದಲೆರಡರ ಮೇಲೆ, ಅದೂ ಅವೇ ನಿರಪೇಕ್ಷ ಸತ್ಯ ಅನ್ನುವ ಧಾಟಿಯಲ್ಲಿ. ಹೊರಗಿನವರು ನಮ್ಮ "ಸತ್ಯ" ಅನ್ನುವ ಪದವನ್ನೇ ನಂಬದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯದರಲ್ಲಿ ರಾಜಿಗೆ ಜಾಗವಿಲ್ಲ. ಬೈಬಲಿನ ನಾಲ್ಕೂ ಸುವಾರ್ತೆಗಳು ಯೇಸುವನ್ನು ಶಿಲುಬೆಗೆ ಹಾಕಿದರು ಅನ್ನುತ್ತವೆ. ಕುರಾನಿನ 4ನೆಯ ಸೂರಾದ 157ನೆಯ ಆಯತ್ತು, ಅವರು ಆತನನ್ನು ಕೊಲ್ಲಲೂ ಇಲ್ಲ, ಶಿಲುಬೆಗೆ ಹಾಕಲೂ ಇಲ್ಲ ಅನ್ನುತ್ತದೆ. ಎರಡೂ ಒಟ್ಟಿಗೆ ಖರೆ ಆಗಲಾರವು. ವಿಚಿತ್ರವೆಂದರೆ ಈ ವಿಷಯದಲ್ಲಿ "ಎಲ್ಲ ಒಂದೇ" ಅನ್ನುವವರಿಗಿಂತ ಮಸೀದಿಗೆ ಹೋಗುವ ಪಕ್ಕದ ಮನೆಯ ಚಾಚಾ ನಮಗೆ ಹತ್ತಿರ. ಸತ್ಯ ಒಂದೇ ಅಂತ ಅವರೂ ಒಪ್ಪುತ್ತಾರೆ, ಅದು ಯಾವುದು ಅನ್ನುವಲ್ಲಿ ಮಾತ್ರ ಬೇರೆ.

ಇನ್ನು, ಎಲ್ಲ ಧರ್ಮಗಳೂ ಸತ್ಯದ ಒಂದೊಂದು ತುಂಡು ಕಂಡಿವೆ ಅನ್ನಲು ಹೇಳುವ ಕುರುಡರೂ ಆನೆಯೂ ಕಥೆ. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ. ಬೌದ್ಧರ 'ಉದಾನ' ಗ್ರಂಥದಲ್ಲಿ ಬರುವ ಕಥೆಯಲ್ಲಿ ಕುರುಡರನ್ನು ಕೂಡಿಸಿದವನು ಒಬ್ಬ ರಾಜ, ಅವನಿಗೆ ಕಣ್ಣಿದೆ. ತಮಿಳುನಾಡಿನಲ್ಲಿ ಬಹುಕಾಲ ಸೇವೆ ಮಾಡಿದ ಬಿಷಪ್ ಲೆಸ್ಲಿ ನ್ಯೂಬಿಗಿನ್ ಬೆರಳಿಟ್ಟದ್ದು ಇಲ್ಲಿಯೇ: ಎಲ್ಲರೂ ತುಂಡು ತುಂಡು ಕಂಡವರು ಅನ್ನಬೇಕಾದರೆ, ಹೇಳುವವನು ಇಡೀ ಆನೆ ಕಂಡಿರಬೇಕು. ವಿನಯದ ಕಥೆಯ ಹಾಗೆ ಕಾಣುತ್ತದೆ, ರಾಜನ ಕುರ್ಚಿ ಮಾತ್ರ ಹೇಳುವವನಿಗೇ ಸಿಗುತ್ತದೆ. "ಸತ್ಯವೇ ಇಲ್ಲ ಅನ್ನುವ ಈ ಮಾತು ಸತ್ಯವೇ?" ಎಂಬ ತಿರುಗುಪ್ರಶ್ನೆಯೂ ಉಂಟು. ತರ್ಕ ಸರಿ, ಆದರೆ ಅದರಿಂದ ಎದುರಿನವರ ಬಾಯಿ ಮುಚ್ಚುತ್ತದೆಯೇ ಹೊರತು ಮನಸ್ಸು ತೆರೆಯುವುದಿಲ್ಲ. ಚರ್ಚಾಸ್ಪರ್ಧೆಗೆ ಸಾಕು.

ನಿಜವಾಗಿ ಎಡವುವುದು ನಮ್ಮ "ಸಾಕ್ಷಿ"ಯಲ್ಲಿ. ಬೀದರಿನಿಂದ ಯಾದಗಿರಿವರೆಗೆ ಪ್ರಾರ್ಥನಾ ಕೂಟಗಳಲ್ಲಿ ಕೇಳುವುದು ಒಂದೇ ಜಾಡು: ಕಾಯಿಲೆ ಇತ್ತು, ಪ್ರಾರ್ಥಿಸಿದೆವು, ಹೋಯಿತು, ಆದ್ದರಿಂದ ಯೇಸು ಸತ್ಯ ದೇವರು. ಮೊದಲ ಮೂರು ತುಂಡುಗಳಿಗೆ ತಕರಾರಿಲ್ಲ. "ಆದ್ದರಿಂದ" ಅನ್ನುವುದು ಭಾರ ಹೊರುವುದಿಲ್ಲ. ಯಾಕೆಂದರೆ ಎದುರು ಮನೆಯ ಅಕ್ಕ ದರ್ಗಾಕ್ಕೆ ಹರಕೆ ಹೊತ್ತು ಮಗು ಹುಷಾರಾಯಿತು ಅಂತಾಳೆ, ಕಾಕಾ ಶರಣಬಸಪ್ಪನ ಕೃಪೆ ಅಂತಾನೆ. ನಮ್ಮ ಲೆಕ್ಕದಿಂದಲೇ ಅವರದ್ದೂ ಖರೆ ಆಗಬೇಕು. "ನಿಮ್ದು ನಿಮಗ" ಅನ್ನುವ ಮಾತನ್ನು ಬೈಯುತ್ತಲೇ ಅದಕ್ಕೆ ಬಾಗಿಲು ತೆಗೆದು ಕೊಟ್ಟವರು ನಾವು.

ಅಪೊಸ್ತಲ ಪೌಲನು ಹೀಗೆ ವಾದಿಸಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ತೆಗೆದು ನೋಡಿ. ಘಟನೆ ನಡೆದು ಸುಮಾರು 25 ವರ್ಷಕ್ಕೆ ಬರೆದದ್ದು. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಎದ್ದನು, ಕಾಣಿಸಿಕೊಂಡನು. ಯಾರಿಗೆ? ಕೇಫನಿಗೆ (ಅಂದರೆ ಪೇತ್ರನಿಗೆ), ಹನ್ನೆರಡು ಮಂದಿ ಶಿಷ್ಯರಿಗೆ, ಐನೂರಕ್ಕಿಂತ ಹೆಚ್ಚು ಸಹೋದರರಿಗೆ ಒಂದೇ ಸಮಯದಲ್ಲಿ, ಯಾಕೋಬನಿಗೆ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಸೇರಿಸುತ್ತಾನೆ, ಅಂದರೆ ಬೇಕಾದರೆ ಹೋಗಿ ಕೇಳಿ ಅನ್ನುವ ಧೈರ್ಯ. 14ನೆಯ ವಚನದಲ್ಲಿ ಇನ್ನೂ ಮುಂದೆ ಹೋಗಿ, ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಪ್ರಸಂಗವೂ ಹುರುಳಿಲ್ಲದ್ದು, ನಿಮ್ಮ ನಂಬಿಕೆಯೂ ಹುರುಳಿಲ್ಲದ್ದು ಅನ್ನುತ್ತಾನೆ. ಎದ್ದಿಲ್ಲದಿದ್ದರೂ ನಿಮಗೆ ಸಮಾಧಾನ ಸಿಕ್ಕಿತಲ್ಲ, ಸಾಕು ಬಿಡಿ ಅನ್ನಲಿಲ್ಲ. ತನ್ನ ಚೀಲವನ್ನು ತಾನೇ ಮೀಟರಿಗೆ ಇಟ್ಟ ಹಾಗೆ. ಸಾಕ್ಷಿ ಹೇಳಬಾರದು ಅಂತಲ್ಲ. ಬದುಕು ಹೇಗೆ ಬದಲಾಯಿತು ಅಂತ ಹೇಳಲಿ, ಆದರೆ ಪುನರುತ್ಥಾನ ಹೊರಬೇಕಾದ ಭಾರವನ್ನು ಅದರ ಮೇಲೆ ಹಾಕುವುದು ಬೇಡ.

ವಚನ ಎತ್ತಿ ಹೇಳುವಾಗ ಹಿಂದಿನ ಸಾಲನ್ನೂ ಓದಬೇಕು. "ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವದು" ಅಂತ ಗೋಡೆಗಳ ಮೇಲೆಲ್ಲ ಬರೆಯುತ್ತೇವೆ. ಅದು ಯೋಹಾನನ ಸುವಾರ್ತೆಯ 8:32. "ನನ್ನ ವಾಕ್ಯದಲ್ಲಿ ನೆಲೆಗೊಂಡಿದ್ದರೆ" ಅನ್ನುವ ಷರತ್ತು 31ರಲ್ಲೇ ಉಳಿದುಹೋಗುತ್ತದೆ. "ನಾನೇ ಮಾರ್ಗವೂ ಸತ್ಯವೂ ಜೀವವೂ" ಅನ್ನುವ 14:6ನ್ನು ಬೇರೆಯವರ ಮುಖಕ್ಕೆ ಎಸೆಯುವವರಿದ್ದಾರೆ. ಅದನ್ನು ಹೇಳಿದ್ದು ವಿರೋಧಿಗಳಿಗಲ್ಲ, ಕೊನೆಯ ಊಟದ ರಾತ್ರಿ, ದಾರಿ ನಮಗೆ ಹೇಗೆ ಗೊತ್ತಾಗಬೇಕು ಅಂತ ಕಂಗಾಲಾಗಿ ಕೇಳಿದ ತೋಮನಿಗೆ. ಮಾತಿನ ಬಿಗಿ ಇದರಿಂದ ಸಡಿಲವಾಗುವುದಿಲ್ಲ, ಹೇಳುವ ದನಿ ಬದಲಾಗುತ್ತದೆ. ಸತ್ಯಕ್ಕೆ ಸಾಕ್ಷಿ ಕೊಡಲು ಬಂದೆನು ಅಂತ ಯೇಸು ತನ್ನನ್ನು ವಿಚಾರಿಸಿದ ರೋಮನ್ ಅಧಿಪತಿ ಪಿಲಾತನಿಗೆ ಹೇಳಿದ ಮಾತು ಇದೇ ಸುವಾರ್ತೆಯ 18ನೆಯ ಅಧ್ಯಾಯದ್ದು. ಹೊಸ ಒಡಂಬಡಿಕೆಯ ಸಿಕ್ಕಿರುವ ಅತಿ ಹಳೆಯ ತುಣುಕುಗಳಲ್ಲಿ ಒಂದೆಂದು ಎಣಿಸುವ, ಅಂಗೈಗಿಂತ ಚಿಕ್ಕ ಪಪೈರಸ್ ಚೂರಿನಲ್ಲಿ ಉಳಿದಿರುವುದು ಅದೇ ಸಂಭಾಷಣೆಯ ಸಾಲುಗಳು. ಚೂರು ಈಗ ಮ್ಯಾಂಚೆಸ್ಟರಿನಲ್ಲಿದೆ.

ಸತ್ಯದ ಹೆಸರಿನಲ್ಲಿ ಸುಳ್ಳು ಹಂಚುವುದು ಇನ್ನೊಂದು ಕೇಡು. ಬೈಬಲಿನ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತಾಗ ಕಳೆದುಹೋದ ದಿನವನ್ನು ನಾಸಾದ ಕಂಪ್ಯೂಟರ್ ಪತ್ತೆ ಹಚ್ಚಿತು ಅನ್ನುವ ವಾಟ್ಸಾಪ್ ಸಂದೇಶ ಕಟ್ಟುಕಥೆ. ವಿಕಾಸವಾದ ಹೇಳಿದ ಡಾರ್ವಿನ್ ಸಾಯುವಾಗ ಅದಕ್ಕೆ ಪಶ್ಚಾತ್ತಾಪಪಟ್ಟ ಅನ್ನುವುದೂ ಹಾಗೆಯೇ. ಆತ ಸತ್ತದ್ದು 1882ರಲ್ಲಿ, ಆ ಕಥೆ ಅಚ್ಚಾದದ್ದು 1915ರಲ್ಲಿ, ಮಗಳೇ ಅದನ್ನು ಅಲ್ಲಗಳೆದಳು. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು (16:9ರಿಂದ 20) 4ನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಇಲ್ಲ ಅಂತ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ನಾವೇ ಹೇಳುವುದು ಒಳ್ಳೆಯದು. ಯೂಟ್ಯೂಬಿನಲ್ಲಿ ಮೊದಲು ಕೇಳಿದರೆ, ನಾವು ಮುಚ್ಚಿಟ್ಟೆವು ಅಂದುಕೊಳ್ಳುತ್ತಾರೆ.

ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೊಂದು 1986ರಲ್ಲಿ ಅಶೋಕನ ಶಾಸನ ಅಂತ ಗೊತ್ತಾಯಿತು. ಅದರಲ್ಲಿರುವ 12ನೆಯ ಶಾಸನ ಮಾತಿನ ಹಿಡಿತದ ಬಗ್ಗೆ: ಕಾರಣವಿಲ್ಲದೆ ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ತೆಗಳಬೇಡ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಿ ಅನ್ನುತ್ತಾನೆ ಪೇತ್ರ (ಮೊದಲ ಪತ್ರ 3:15). ಕೇಳಿದವರಿಗೆ, ಅನ್ನುವುದನ್ನು ಗಮನಿಸಿ. ಎರಡೂ ದನಿಯ ಬಗ್ಗೆ ಮಾತಾಡುತ್ತವೆ. ಹೇಳುವ ಸಂಗತಿಯನ್ನು ನೀರು ಮಾಡು ಅಂತ ಎರಡೂ ಹೇಳುವುದಿಲ್ಲ.

ಇಷ್ಟೆಲ್ಲ ಮಾತಾದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಂಗಾದ್ರ ತೀರಿಹೋದ ನಮ್ಮಪ್ಪ ನರಕಕ್ಕ ಹೋಗ್ಯಾನೇನ್ರಿ?" ಇಲ್ಲಿ ಆತುರದ ಉತ್ತರ ಬೇಡ. ಕ್ರಿಸ್ತನೇ ಮಾರ್ಗ ಅನ್ನುವುದನ್ನು ಮುಚ್ಚಿಡಬೇಕಿಲ್ಲ. ಅದೇ ಉಸಿರಿನಲ್ಲಿ, ಸತ್ತ ಒಬ್ಬ ಮನುಷ್ಯನ ತೀರ್ಪು ಬರೆಯುವ ಅಧಿಕಾರ ನಮಗಿಲ್ಲ ಅನ್ನುವುದನ್ನೂ ಹೇಳಬೇಕು. ಆದಿಕಾಂಡ 18:25ರಲ್ಲಿ, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವನ್ನೇ ನಡಿಸುವನಲ್ಲವೇ ಅಂತ ಅಬ್ರಹಾಮನು ಕೇಳಿದ್ದು ದೇವರನ್ನೇ. ಅದನ್ನು ಓದಿ, ಅವರ ಅಪ್ಪ ಎಂಥವರಿದ್ದರು ಅಂತ ಕೇಳಿ, ಕೂತು ಕೇಳಿಸಿಕೊಳ್ಳಿ.