ಇನ್ನೊಂದೇ ಸಲ, ಅಜ್ಜ

ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ನಾನು ಹೋದದ್ದು ಜನವರಿಯಲ್ಲಿ. ನಿಜ ಹೇಳಬೇಕೆಂದರೆ, ಅಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ಮಗಳ ಮನೆಯ ಮುಂಬಾಗಿಲ ಹಿಂದಿದ್ದ ಬೂಟಿನ ಟ್ರೇ. ಕಪ್ಪು ಪ್ಲಾಸ್ಟಿಕ್ಕಿನದು, ಅಂಚು ಒಂದು ಬೆರಳೆತ್ತರ. ಐದು ಜನರ ಹತ್ತು ಬೂಟು ಅದರಲ್ಲಿ. ಬೂಟಿಗಂಟಿದ ಹಿಮ ಕರಗಿ ಇಳಿದ ಕೆಸರುನೀರು, ನೀರು ಆರಿದ ಕಡೆ ರಸ್ತೆಗೆ ಎರಚುವ ಉಪ್ಪಿನ ಬಿಳಿ ಗೆರೆ. ದಿನಕ್ಕೆರಡು ಸಲ ಅದನ್ನು ಬರಿದು ಮಾಡಿ ಒರೆಸುವ ಕೆಲಸ ಮೂರನೇ ದಿನಕ್ಕೇ ನನ್ನದಾಯಿತು. ಯಾರೂ ಹೇಳಿದ್ದಲ್ಲ. ಸುಮ್ಮನೆ ಕೂರಲಾರದ ಮುದುಕನ ಕೈಗೆ ಸಿಕ್ಕ ಕೆಲಸ ಅದೊಂದೇ.

ಹಿಮ ಗೋರುವುದಂತೂ ನನಗೆ ನಿಷಿದ್ಧ. ಆ ಊರಲ್ಲಿ ಹಿಮ ಬೀಳುವುದು ನಿಂತ 24 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿಯನ್ನು ಮನೆಯವರೇ ಚೊಕ್ಕ ಮಾಡಬೇಕು. ಮಾಡದಿದ್ದರೆ ನಗರದವರು ತಾವೇ ಮಾಡಿಸಿ ಖರ್ಚು ವಸೂಲಿ ಮಾಡುತ್ತಾರೆ. ಒಂದು ಬೆಳಿಗ್ಗೆ ಸಲಿಕೆ ಹಿಡಿದು ಇಳಿದೆ. ಮಗಳು ಮನೆಯ ಚಪ್ಪಲಿಯಲ್ಲೇ ಓಡಿಬಂದು ಕಸಿದುಕೊಂಡಳು. "ಅಪ್ಪಾ, ನಿಮ್ಮ ವಯಸ್ಸಿನವರಿಗೆ ಇದರಿಂದಲೇ ಹಾರ್ಟ್ ಅಟ್ಯಾಕ್ ಆಗೋದು." ಚಳಿಗೆ ರಕ್ತನಾಳ ಬಿಗಿದುಕೊಂಡಿರುತ್ತದೆ, ಅದರ ಮೇಲೆ ಒದ್ದೆ ಹಿಮದ ಭಾರ, ಡಾಕ್ಟರುಗಳೇ ಬೇಡ ಅನ್ನುತ್ತಾರಂತೆ. ಮಾರನೆಯ ದಿನ ಎದ್ದು ನೋಡಿದರೆ ಪಕ್ಕದ ಮನೆಯವನು ತನ್ನ ಸ್ನೋಬ್ಲೋವರ್ ಓಡಿಸುತ್ತಾ ನಮ್ಮ ಮನೆ ಮುಂದಿನದನ್ನೂ ತೆಗೆದು ಹೋಗಿದ್ದ. ಬಾಗಿಲು ತಟ್ಟಲಿಲ್ಲ, ಥ್ಯಾಂಕ್ಸಿಗೆ ಕಾಯಲಿಲ್ಲ. ಅವನಿಗೂ ನನಗೂ ಇಡೀ ಒಂದೂವರೆ ತಿಂಗಳಲ್ಲಿ ನಡೆದ ಮಾತುಕತೆ ಅಂದರೆ ಕಿಟಕಿಯಿಂದ ಕೈ ಎತ್ತಿದ್ದು.

ಮನೆಯವರು ನನಗೆ ಒಪ್ಪಿಸಿದ ಕೆಲಸ ಬೇರೆ. ಏಳು ವರ್ಷದ ಮೊಮ್ಮಗನನ್ನು ಬೆಳಿಗ್ಗೆ ಶಾಲೆಯ ಬಸ್ಸಿಗೆ ಹತ್ತಿಸುವುದು. ಬಸ್ ನಿಲ್ಲುವ ಮೂಲೆಗೆ ಎರಡು ನಿಮಿಷದ ದಾರಿ, ಹೊರಡುವುದಕ್ಕೆ ಕಾಲು ಗಂಟೆ. ಬಟ್ಟೆ ತೊಡಿಸುವುದಕ್ಕೆ ಒಂದು ಕ್ರಮವಿದೆ, ತಪ್ಪಿದರೆ ಮೊದಲಿಂದ ಶುರು. ಮೊದಲು ಬಾತ್‌ರೂಮು. ಆಮೇಲೆ ಉಣ್ಣೆಯ ಕಾಲುಚೀಲ. ಸ್ನೋ ಪ್ಯಾಂಟು, ಅದರ ಪಟ್ಟಿ ಹೆಗಲಿಗೆ. ಬೂಟು, ಬೂಟಿನ ಮೇಲಕ್ಕೆ ಪ್ಯಾಂಟಿನ ಅಂಚು, ಇಲ್ಲದಿದ್ದರೆ ಒಳಗೆ ಹಿಮ ಹೊಕ್ಕುತ್ತದೆ. ಕುತ್ತಿಗೆಗೆ ಬೆಚ್ಚನೆಯ ಪಟ್ಟಿ, ಕಿವಿ ಮುಚ್ಚುವ ಟೋಪಿ, ಜಾಕೆಟ್ಟು. ಕೊಟ್ಟ ಕೊನೆಗೆ ಮಿಟನ್, ನಾಲ್ಕೂ ಬೆರಳು ಒಂದೇ ಕೋಣೆಯಲ್ಲಿ ಮಲಗುವ ಕೈಗವಸು. ಅದನ್ನು ಮೊದಲೇ ಹಾಕಿದರೆ ಜಿಪ್ಪು ಎಳೆಯಲು ಬೆರಳೇ ಇರುವುದಿಲ್ಲ. ಇಷ್ಟೆಲ್ಲ ಮುಗಿದು ಬಾಗಿಲು ತೆಗೆಯುವ ಹೊತ್ತಿಗೆ "ಅಜ್ಜ, ಸುಸ್ಸು" ಅಂದನೋ, ಕೆಟ್ಟೆ.

ಒಂದು ದಿನ ಫೋನು ಮೈನಸ್ 13 ಫ್ಯಾರನ್‌ಹೀಟ್ ತೋರಿಸಿತು. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಮೈನಸ್ 25. ಮೊದಲ ಉಸಿರಿಗೇ ಮೂಗಿನೊಳಗಿನ ಕೂದಲು ಗರಿಗರಿಯಾಯಿತು. ಕಾಲ ಕೆಳಗೆ ಹಿಮ ಹೊಸ ಚರ್ಮದ ಚಪ್ಪಲಿಯ ಹಾಗೆ ಕಿರ್ರ್ ಅನ್ನುತ್ತಿತ್ತು. ಮೊಮ್ಮಗ ನನ್ನ ತೋಳು ಜಗ್ಗಿ ಪೂರ್ವಕ್ಕೆ ತೋರಿಸಿದ. ಸೂರ್ಯನ ಎಡಕ್ಕೊಂದು ಬಲಕ್ಕೊಂದು ಮಂಕು ಕಾಮನಬಿಲ್ಲಿನ ತುಣುಕು, ಜೊತೆಗೆ ಇಬ್ಬರು ಕಾವಲುಗಾರರು ನಿಂತ ಹಾಗೆ. "ಸನ್ ಡಾಗ್ ಅಜ್ಜ. ಗಾಳಿಯಲ್ಲಿ ಐಸ್ ಇರುತ್ತೆ, ಅದಕ್ಕೆ." ನಾನು ಪಡೆದ ಭೌತಶಾಸ್ತ್ರದ ಡಿಗ್ರಿಯಲ್ಲಿ ಇದರ ಬಗ್ಗೆ ಅರ್ಧ ಪುಟ ಓದಿದ್ದೆ, 22 ಡಿಗ್ರಿ ಕೋನ ಅಂತ ಬರೆದು ಅಂಕ ತೆಗೆದುಕೊಂಡಿದ್ದೆ. ಕಣ್ಣಾರೆ ನೋಡಲು ಇಷ್ಟು ವರ್ಷ ಬೇಕಾಯಿತು. ಬಸ್ಸಿಗೆ ಕಾಯುತ್ತಿದ್ದ ಇನ್ನೊಬ್ಬ ಅಜ್ಜ, ಅಲ್ಲಿಯವನೇ, ಇದೆಂಥ ಚಳಿ ಅನ್ನುವ ಧಾಟಿಯಲ್ಲಿ ರಾಜ್ಯದ ಉತ್ತರಕ್ಕಿರುವ ಟವರ್ ಎಂಬ ಊರಿನ ಕಥೆ ಹೇಳಿದ. ಅಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 60 ಫ್ಯಾರನ್‌ಹೀಟ್ ಆಗಿತ್ತು, ಅದೇ ಮಿನಿಸೋಟದ ದಾಖಲೆ. ಅದನ್ನು ತಾನೇ ಗೆದ್ದವನ ಹಾಗೆ ಹೇಳಿದ. ಅಷ್ಟರಲ್ಲಿ ಹಳದಿ ಬಸ್ಸು ಬಂತು. ಪಕ್ಕದಿಂದ ಸ್ಟಾಪ್ ಬೋರ್ಡಿನ ಕೈ ಚಾಚಿ ಕೆಂಪು ದೀಪ ಮಿಣುಕಿಸಿದ್ದೇ ತಡ, ಎರಡೂ ಕಡೆಯ ಕಾರುಗಳು ದೂರದಲ್ಲೇ ನಿಂತವು. ಮಗು ನಿಧಾನವಾಗಿ ಮೆಟ್ಟಿಲು ಹತ್ತುವವರೆಗೂ ಒಂದು ಹಾರನ್ ಇಲ್ಲ.

ನೋಡುವ ಸ್ಥಳಗಳನ್ನೂ ನೋಡಿದೆವು, ಇಲ್ಲ ಅನ್ನಲಾರೆ. ಒಂದು ಭಾನುವಾರ ಅಳಿಯ ಮಿಸಿಸಿಪ್ಪಿಯ ಮೇಲಿನ ಕಲ್ಲುಕಮಾನಿನ ಸೇತುವೆಗೆ ಕರೆದುಕೊಂಡು ಹೋದ. 1883ರಲ್ಲಿ ರೈಲಿಗೆಂದು ಕಟ್ಟಿದ್ದು, 1994ರಿಂದ ನಡೆಯುವವರಿಗೆ, ಸೈಕಲ್ಲಿನವರಿಗೆ. ದಡದಲ್ಲಿ ಹಳೆಯ ಹಿಟ್ಟಿನ ಗಿರಣಿಗಳು. ಒಂದು ಕಾಲಕ್ಕೆ ಈ ಊರು ಜಗತ್ತಿಗೇ ಗೋಧಿಹಿಟ್ಟು ಬೀಸಿದ್ದು ಇಲ್ಲಿನ ಜಲಪಾತದ ಬಲದಿಂದ. ನದಿಯ ಮೇಲೆ ಆವಿ ಏಳುತ್ತಿತ್ತು. ಫೋಟೋ ತೆಗೆಯಲು ಗವಸು ಬಿಚ್ಚಿದ ನನ್ನಾಕೆ ಎರಡೇ ನಿಮಿಷಕ್ಕೆ "ರೀ, ಸಾಕು, ನಡೀರಿ" ಅಂದಳು. ಉಳಿದ ಮಧ್ಯಾಹ್ನವೆಲ್ಲ ಸ್ಕೈವೇಯಲ್ಲಿ ಕಳೆಯಿತು. ಕಟ್ಟಡದಿಂದ ಕಟ್ಟಡಕ್ಕೆ ಎರಡನೇ ಅಂತಸ್ತಿನಲ್ಲಿ ಗಾಜಿನ ಸೇತುವೆ ಹಾಕಿದ್ದಾರೆ. 1962ರಲ್ಲಿ ಒಂದರಿಂದ ಶುರುವಾಗಿ ಈಗ ಸುಮಾರು 80 ಬ್ಲಾಕ್ ಜೋಡಿಸಿಕೊಂಡಿವೆ. ಬರೀ ಅಂಗಿಯಲ್ಲಿ ಊರೆಲ್ಲ ಸುತ್ತಬಹುದು. ನಾವು ದಾರಿ ತಪ್ಪಿ ಒಂದೇ ಬ್ಯಾಂಕಿನ ಮುಂದೆ ಮೂರು ಸಲ ಹಾದೆವು.

ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ಶಾಲೆಗೆ ರಜೆ, ಮಗಳ, ಅಳಿಯನ ಆಫೀಸಿಗೆ ರಜೆಯಿಲ್ಲ. ಊಟ ಆಗುತ್ತಲೇ ಮೊಮ್ಮಗ ಗ್ಯಾರೇಜಿನಿಂದ ಹಿಮದ ಮೇಲೆ ಕೂತು ಜಾರುವ ಎರಡು ಸ್ಲೆಡ್ ಎಳೆದುಕೊಂಡು ಬಂದ. ಒಂದು ಉದ್ದದ್ದು, ಮುಂದೆ ಹಗ್ಗ ಕಟ್ಟಿದ್ದು. ಇನ್ನೊಂದು ದುಂಡನೆಯ ಸಾಸರ್, ದೊಡ್ಡ ಪರಾತದ ಹಾಗೆ, ಎರಡು ಹಿಡಿ. ಮಗಳು ಬೆಳಿಗ್ಗೆಯೇ ಹೇಳಿ ಹೋಗಿದ್ದಳು: ಹೆಲ್ಮೆಟ್ ಹಾಕಿಸಿ, ಕಾಲು ಮುಂದೆ ಮಾಡಿ ಕೂತೇ ಜಾರಬೇಕು, ತಲೆ ಮುಂದೆ ಮಾಡಿ ಮಲಗಕೂಡದು, ಮರವಿರುವ ಕಡೆ ಬೇಡ. "ಸಾಸರ್ ದೊಡ್ಡ ಗುಡ್ಡಕ್ಕೆ ಬೇಡ ಅಪ್ಪ, ಅದನ್ನ ತಿರುಗಿಸೋಕೆ ಆಗಲ್ಲ." ಎಲ್ಲಕ್ಕೂ ಹೂಂ ಅಂದಿದ್ದೆ.

ಪಾರ್ಕಿನ ಗುಡ್ಡದಲ್ಲಿ ಜಾತ್ರೆ. 25 ಡಿಗ್ರಿ ಫ್ಯಾರನ್‌ಹೀಟ್, ಮೈನಸ್ ನಾಲ್ಕು. ಅಲ್ಲಿಯವರಿಗೆ ಅದು ಹಿತವಾದ ಹವೆ. ಜಾಕೆಟ್ಟಿನ ಜಿಪ್ಪು ತೆರೆದು ನಿಂತಿದ್ದರು. ಹಿಂದಿನ ದಿನ ಬಿಸಿಲಿಗೆ ಹಿಮದ ಮೇಲ್ಪದರ ಕರಗಿತ್ತು, ರಾತ್ರಿ ಮತ್ತೆ ಗಟ್ಟಿಯಾಗಿತ್ತು. ಇದರ ಅರ್ಥ ನನಗೆ ಆಮೇಲೆ ತಿಳಿಯಿತು. ಹೊಸ ಹಿಮ ಹತ್ತಿಯ ಹಾಗೆ, ಸ್ಲೆಡ್ಡನ್ನು ತಡೆದು ತಡೆದು ಬಿಡುತ್ತದೆ. ಕರಗಿ ಹೆಪ್ಪಾದ ಹಿಮ ಗಾಜು, ತಡೆಯುವುದೇ ಇಲ್ಲ. ನಾನು ಕಂಡದ್ದು ಅದರ ಹೊಳಪನ್ನು ಮಾತ್ರ.

ಉದ್ದದ ಸ್ಲೆಡ್ಡಿನಲ್ಲಿ ಹತ್ತು ಹನ್ನೆರಡು ಸಲ ಜಾರಿದ. ಪ್ರತಿ ಸಲ ಗುಡ್ಡ ಹತ್ತಿ ಬಂದು "ಇನ್ನೊಂದೇ ಸಲ, ಅಜ್ಜ" ಅನ್ನುವನು. ನನ್ನ ಕಾಲ್ಬೆರಳು ಮರಗಟ್ಟುತ್ತಿತ್ತು. ಹೊರಡೋಣ ಅಂದೆ. ಸಾಸರಿನಲ್ಲಿ ಒಂದು ಸಲ ಅಂದ. ಬೇಡ ಅಂದೆ. ಮಾತಾಡಲಿಲ್ಲ, ಮುಖ ನೋಡಿದ. ಆ ನೋಟವನ್ನು ಅವನ ತಾಯಿ ಅವನ ವಯಸ್ಸಿನಲ್ಲಿ ನನ್ನ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದಳೋ. ಆಗ ಬಗ್ಗಿರಲಿಲ್ಲ. ಮೊಮ್ಮಗನ ಹತ್ತಿರ ಆ ಗಟ್ಟಿತನ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಸಾಸರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತುದಿಯಲ್ಲಿ ಅಂಟಿಕೊಂಡಿತ್ತು, ಜಾರಲಿಲ್ಲ. "ತಳ್ಳು."

ತಳ್ಳಿದೆ. ಬೆನ್ನಿಗೆ ಎರಡೂ ಅಂಗೈ ಇಟ್ಟು, ಚೆನ್ನಾಗಿಯೇ ತಳ್ಳಿದೆ.

ಹತ್ತಡಿ ಹೋಗುವಷ್ಟರಲ್ಲಿ ಸಾಸರ್ ತಿರುಗಿತು. ಅವನ ಮುಖ ನನ್ನ ಕಡೆಗೆ, ನಗುತ್ತಿದ್ದ. ಬೆನ್ನು ಇಳಿಜಾರಿಗೆ. ಕೆಳಗೆ ದೊಡ್ಡ ಹುಡುಗರು ಹಾರುವುದಕ್ಕೆಂದು ಹಿಮ ಒಟ್ಟಿ ಮಾಡಿದ್ದ ದಿಬ್ಬವಿತ್ತು. ನನಗೆ ಕಾಣುತ್ತಿತ್ತು, ಅವನಿಗೆ ಕಾಣುವಂತಿರಲಿಲ್ಲ. ಕೂಗಿದೆ. ಏನು ಕೂಗಿದೆನೋ. ಸಾಸರ್ ಒಂದು ಕಡೆ, ಮಗು ಒಂದು ಕಡೆ ಹಾರಿದವು. ಎಡಗೈ ಊರಿ ಬಿದ್ದ.

ಗುಡ್ಡ ಇಳಿಯುವುದು ಅಷ್ಟು ದೂರ ಅಂತ ಗೊತ್ತಿರಲಿಲ್ಲ. ನಾನೂ ಎರಡು ಸಲ ಕೂತುಬಿಟ್ಟೆ. ತಲುಪುವಷ್ಟರಲ್ಲಿ ಕೆಂಪು ಟೋಪಿಯ ಹೆಂಗಸೊಬ್ಬಳು ಅವನ ಪಕ್ಕ ಮಂಡಿಯೂರಿದ್ದಳು. ಅವನು ಅಳುತ್ತಿರಲಿಲ್ಲ. "ನನ್ನ ಸಾಸರ್ ಎಲ್ಲಿ?" ಅಂದ. ನನ್ನನ್ನು ನೋಡಿದ ಮೇಲೆ ಅಳು ಬಂತು. ಅವಳು ತನ್ನ ಹಸಿರು ಸ್ಕಾರ್ಫ್ ಬಿಚ್ಚಿ, ಮಡಚಿದ ಕೈಯನ್ನು ಎದೆಗೆ ಸೇರಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದಳು. ನನ್ನ ಫೋನು ತೆಗೆದುಕೊಂಡು ಮಗಳೊಡನೆ ಅವಳೇ ಮಾತಾಡಿದಳು, ನನ್ನ ಬೆರಳು ನಂಬರು ಒತ್ತುವ ಸ್ಥಿತಿಯಲ್ಲಿರಲಿಲ್ಲ. ಮಗಳು ಬರುವವರೆಗೆ ತನ್ನ ಕಾರಿನಲ್ಲಿ ಹೀಟರ್ ಹಾಕಿ ನಮ್ಮನ್ನು ಕೂರಿಸಿಕೊಂಡಳು. ಹೆಸರು ಹೇಳಿದಳು. ನನಗೆ ಕಿವಿಗೆ ಬಿತ್ತು, ತಲೆಯಲ್ಲಿ ನಿಲ್ಲಲಿಲ್ಲ.

ಅರ್ಜೆಂಟ್ ಕೇರ್‌ನಲ್ಲಿ ಕೌಂಟರಿನವರು ಮೊದಲು ಕೇಳಿದ್ದು ತಂದೆ ತಾಯಿ ಎಲ್ಲಿ ಅಂತ. ಅಜ್ಜನ ಸಹಿಗೆ ಬೆಲೆಯಿಲ್ಲ. ಮಗಳು ಜೊತೆಗಿದ್ದಳು, ಸರಿಹೋಯಿತು. ಒಳಗೆ ಮಗುವಿಗೆ ಒಂದೇ ಭಯ: ಹೊಸ ಜಾಕೆಟ್ಟನ್ನು ಕತ್ತರಿಸಿಬಿಡುತ್ತಾರೆ ಅಂತ. ಟಿವಿಯಲ್ಲೆಲ್ಲೋ ನೋಡಿದ್ದನಂತೆ. ನರ್ಸ್ ನಕ್ಕಳು. ಸರಿಯಿರುವ ಕೈಯನ್ನು ಮೊದಲು ತೋಳಿನಿಂದ ಹೊರಗೆ ತೆಗೆಸಿ, ಜಾಕೆಟ್ಟನ್ನು ಬೆನ್ನಿನ ಮೇಲಿಂದ ಸುತ್ತಿ ತಂದು, ನೋಯುವ ಕೈಯಿಂದ ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದಳು. ನಂತರ ಅವನ ಉಗುರೊಂದನ್ನು ಒತ್ತಿ ಬಿಟ್ಟಳು. ಬೆಳ್ಳಗಾದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಗುಲಾಬಿಯಾಯಿತು. ಬೆರಳಿಗೆ ರಕ್ತ ಸರಿಯಾಗಿ ಹೋಗುತ್ತಿದೆ ಅಂತ ಅದರರ್ಥ. ಐದು ಬೆರಳಿಗೂ ಹಾಗೇ ಮಾಡಿದಳು. ನಾನೂ ಅವಳ ಜೊತೆ ಐದು ಸಲ ಉಸಿರು ಹಿಡಿದು ಬಿಟ್ಟೆ.

ಎಕ್ಸ್‌ರೇಯಲ್ಲಿ ಮುರಿದ ಗೆರೆಯೇ ಇರಲಿಲ್ಲ. ಮಣಿಕಟ್ಟಿನ ಸ್ವಲ್ಪ ಮೇಲೆ ಎಲುಬಿನ ಅಂಚು ಒಂದು ಕಡೆ ಉಬ್ಬಿತ್ತು. ಬಕಲ್ ಫ್ರಾಕ್ಚರ್ ಅಂದರು ಡಾಕ್ಟರ್. ಮಕ್ಕಳ ಎಲುಬು ಮೆತ್ತಗೆ, ನಮ್ಮ ಹಾಗೆ ಪಟ್ಟನೆ ಮುರಿಯುವುದಿಲ್ಲ. ಕಾಗದದ ಲೋಟವನ್ನು ಮೇಲಿಂದ ಒತ್ತಿದರೆ ಹೊಟ್ಟೆ ಬರುತ್ತದಲ್ಲ, ಹಾಗೆ. ಪ್ಲಾಸ್ಟರ್ ಬೇಡ, ವೆಲ್ಕ್ರೋ ಇರುವ ಸ್ಪ್ಲಿಂಟ್ ಮೂರು ವಾರ. ಹೆಲ್ಮೆಟ್ಟಿನ ಹಿಂಭಾಗದಲ್ಲಿದ್ದ ಉದ್ದನೆಯ ಗೀರನ್ನು ಬೆರಳಿನಿಂದ ಸವರಿ, ವಾಂತಿ ಆಯಿತೇ, ನಿದ್ದೆ ಬರುತ್ತಿದೆಯೇ, ಇವತ್ತು ಯಾವ ವಾರ ಎಂದೆಲ್ಲ ಕೇಳಿದರು. "ಹೇಗೆ ಬಿದ್ದೆ?"

"ನಾನೇ ತಳ್ಕೊಂಡೆ," ಅಂದ ಮಗು, ಇಂಗ್ಲಿಷಿನಲ್ಲಿ. ನನ್ನ ಕಡೆ ನೋಡಲಿಲ್ಲ.

ನಾನು ಸುಮ್ಮನಿದ್ದೆ. ಅದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಏಳು ವರ್ಷದವನು ನನ್ನನ್ನು ಕಾಯುತ್ತಿದ್ದ, ನಾನು ಕಾಯಿಸಿಕೊಂಡೆ.

ರಾತ್ರಿ ಅವನು ಮಲಗಿದ ಮೇಲೆ ಬೂಟಿನ ಟ್ರೇ ಒರೆಸುತ್ತಿದ್ದೆ. ಮಗಳು ಬಂದು ಮೆಟ್ಟಿಲ ಮೇಲೆ ಕೂತಳು. "ನಾನು ತಳ್ಳಿದ್ದು ಕಣೇ," ಅಂದೆ, ತಲೆ ಎತ್ತದೆ.

"ಗೊತ್ತು ಅಪ್ಪ. ಆ ಹೆಂಗಸು ಫೋನಿನಲ್ಲೇ ಹೇಳಿದಳು. ಅಜ್ಜ ತಳ್ಳಿದ್ದು, ಅವರು ತುಂಬ ಹೆದರಿದ್ದಾರೆ, ಅವರಿಗೆ ಏನೂ ಅನ್ನಬೇಡಿ ಅಂತ."

ಆಸ್ಪತ್ರೆಯಲ್ಲಿ ಮಗ ಸುಳ್ಳು ಹೇಳಿದಾಗಲೂ ಇವಳಿಗೆ ಗೊತ್ತಿತ್ತು. ನಾನು ಬಟ್ಟೆ ಹಿಂಡಿದೆ. ಅವಳು ತನ್ನ ಬೂಟು ಎತ್ತಿ ಹಿಡಿದಳು, ನಾನು ಅದರ ಕೆಳಗೂ ಒರೆಸಿದೆ.

ಮುಂದಿನ ಮೂರು ವಾರ ಬೆಳಗಿನ ಕಾಲು ಗಂಟೆ ಇಪ್ಪತ್ತೈದು ನಿಮಿಷವಾಯಿತು. ಸ್ಪ್ಲಿಂಟಿನ ಮೇಲೆ ಮಿಟನ್ ಹೋಗುತ್ತಿರಲಿಲ್ಲ. ನನ್ನಾಕೆ ಅಳಿಯನ ಹಳೆಯ ಉಣ್ಣೆಯ ಕಾಲುಚೀಲದ ತುದಿಗೆ ಎರಡು ಹೊಲಿಗೆ ಹಾಕಿಕೊಟ್ಟಳು. ಬಸ್ಸಿನಲ್ಲಿ ಎಲ್ಲರೂ ಅದನ್ನು ಬೊಂಬೆಯಾಗಿ ಆಡಿಸುತ್ತಿದ್ದರಂತೆ, ಅವನಿಗೆ ಅದೇ ಹೆಮ್ಮೆ. ಸ್ಪ್ಲಿಂಟಿನಲ್ಲೇ ಮಿನ್ನೆಹಾಹಾ ಜಲಪಾತಕ್ಕೂ ಹೋಗಿ ಬಂದೆವು. 53 ಅಡಿಯ ಧಾರೆ ಬಿದ್ದ ಹಾಗೇ ನಿಂತುಬಿಟ್ಟಿತ್ತು, ನೀಲಿ ಹಳದಿ ಕಂಬಗಳಾಗಿ. ಕಿವಿಗೊಟ್ಟರೆ ಒಳಗೆಲ್ಲೋ ನೀರು ಹರಿಯುವ ಸದ್ದು. ಹಸಿರು ಸ್ಕಾರ್ಫನ್ನು ಒಗೆದು, ಒಣಗಿಸಿ, ಗುಡ್ಡದ ಬುಡದ ಕಂಬಕ್ಕೆ ಕಟ್ಟಿ ಬಂದೆ. ನಾಲ್ಕು ದಿನ ಅಲ್ಲೇ ಇತ್ತು, ಐದನೆಯ ದಿನ ಇರಲಿಲ್ಲ.

ನಾವು ವಾಪಸು ಬಂದದ್ದು ಫೆಬ್ರವರಿ ಕೊನೆಗೆ. ಮಾರ್ಚಿನಲ್ಲಿ ಅಲ್ಲಿ ಮತ್ತೆ ಜೋರು ಹಿಮ. ವಿಡಿಯೋ ಕಾಲಿನಲ್ಲಿ ಮೊಮ್ಮಗನ ಕೆಂಪು ಮೂಗು, ಹೆಲ್ಮೆಟ್ಟು, ಹಿಂದೆ ಅದೇ ಗುಡ್ಡ.

"ಅಜ್ಜ, ಇವತ್ತು ಅಮ್ಮ ತಳ್ಳಿದಳು."

"ಸಾಸರಿನಲ್ಲೇ?"

"ಅಲ್ಲ, ಉದ್ದದ್ದರಲ್ಲಿ."

"ಜೋರಾಗಿ ತಳ್ಳಿದಳಾ?"

ಹಿಂದೆ ತಿರುಗಿ ಅಮ್ಮ ಎಲ್ಲಿದ್ದಾಳೆ ನೋಡಿದ. ಫೋನನ್ನು ಬಾಯಿಗೆ ಹತ್ತಿರ ತಂದ.

"ನಿನ್ನಷ್ಟು ಜೋರಾಗಿ ಇಲ್ಲ."