ಫಟೋರ್ಡಾದ ಆ ಮಂಗಳವಾರ

ಗೋವಾದ ವಾಸ್ಕೋದಲ್ಲಿರುವ ನಮ್ಮ ಭಾವನ ಮನೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ರೇಷನ್ ಕಾರ್ಡು, ಮಕ್ಕಳ ಜನನ ಪ್ರಮಾಣಪತ್ರ, ಊರಿನ ಹೊಲದ ಉತಾರ, ಎಲ್ಲ ಅದರೊಳಗೇ. ಎಲ್ಲಕ್ಕಿಂತ ಅಡಿಯಲ್ಲಿ ಹರಿದ ಟಿಕೆಟ್ಟಿನ ಅರ್ಧ ತುಂಡು. 2004ರ ಫೆಬ್ರವರಿ 18ರದು. ಮಡಗಾಂವ್ ಪಕ್ಕದ ಫಟೋರ್ಡಾ ಸ್ಟೇಡಿಯಂನಲ್ಲಿ ಭಾರತ–ಸಿಂಗಪುರ, ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಪಂದ್ಯ. ರೆನೆಡಿ ಸಿಂಗ್ ಹೊಡೆದ ಒಂದೇ ಗೋಲಿನಿಂದ ನಾವು ಗೆದ್ದಿದ್ದೆವು. ಆ ಸುತ್ತಿನಲ್ಲಿ ಜಪಾನ್ ಮತ್ತು ಒಮಾನ್ ಕೂಡ ನಮ್ಮ ಗುಂಪಿನಲ್ಲಿದ್ದವು. ಜಪಾನ್ ನಮಗೆ ಒಂದು ಪಂದ್ಯದಲ್ಲಿ ಏಳು, ಇನ್ನೊಂದರಲ್ಲಿ ನಾಲ್ಕು ಗೋಲು ಹಾಕಿತು. ಆರು ಪಂದ್ಯಗಳಲ್ಲಿ ನಮಗೆ ಸಿಕ್ಕ ಗೆಲುವು ಫಟೋರ್ಡಾದ ಅದೊಂದೇ. ಅದನ್ನು ಭಾವ ಕಣ್ಣಾರೆ ನೋಡಿದ್ದರು.

ಕಳೆದ ವರ್ಷ, 2025ರ ಸೆಪ್ಟೆಂಬರಿನಲ್ಲಿ, ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಅಕ್ಟೋಬರ್ ಹದಿನಾಲ್ಕಕ್ಕ ಇಲ್ಲೇ ಫಟೋರ್ಡಾದಾಗ ಸಿಂಗಪುರ ಜೋಡಿ ಮ್ಯಾಚ್ ಅದ. ಏಷ್ಯನ್ ಕಪ್ ಕ್ವಾಲಿಫೈಯರ್. ಬರ್ತೀರೇನು?" ಹಿಂದೆಯಿಂದ ಭಾವನ ದನಿ ಕೇಳಿಸಿತು: "ಬರತಾನ, ಬರತಾನ. ಮೂರು ಟಿಕೆಟ್ ತಗೋ." ನಾನು ಹೂಂ ಅನ್ನುವ ಮೊದಲೇ ಮಾತು ಮುಗಿದಿತ್ತು.

ಅರ್ಹತಾ ಸುತ್ತು ಅಂದರೆ ತುಂಬಾ ಜನಕ್ಕೆ ಬೇಸರ. ಕಪ್ ಇಲ್ಲ, ಫೈನಲ್ ಇಲ್ಲ, ದೊಡ್ಡ ಹೆಸರುಗಳಿಲ್ಲ. ಆದರೆ ನಮ್ಮಂಥ ದೇಶಕ್ಕೆ ನಿಜವಾದ ಆಟ ನಡೆಯುವುದು ಇಲ್ಲೇ ಅಂತ ನನಗೆ ಮೊದಲಿನಿಂದಲೂ ಅನ್ನಿಸಿದೆ. ಭಾರತ ಇದುವರೆಗೆ ಏಷ್ಯನ್ ಕಪ್‌ನಲ್ಲಿ ಆಡಿದ್ದು ಐದು ಸಲ: 1964, 1984, 2011, 2019 ಮತ್ತು 2023. ಆಡಿದ, ಆಡದೆ ಉಳಿದ ಬಹುತೇಕ ಸಲಗಳ ಹಿಂದೆ ಇಂಥ ಮಂಗಳವಾರಗಳು, ಬುಧವಾರಗಳು ಇವೆ. ಟಿವಿಯವರು ಕೂಡ ಮರೆತುಬಿಡುವ ಸಂಜೆಗಳು.

ಸೋಮವಾರ ರಾತ್ರಿ ಧಾರವಾಡದಲ್ಲಿ ಯಶವಂತಪುರ–ವಾಸ್ಕೋ ಎಕ್ಸ್‌ಪ್ರೆಸ್ ಹತ್ತಿದೆ. ಅಳ್ನಾವರ, ಲೋಂಡಾ ದಾಟಿದ ಮೇಲೆ ಬೋಗಿಯಲ್ಲಿ ಎಲ್ಲರೂ ಮಲಗಿದ್ದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕ್ಯಾಸಲ್ ರಾಕ್‌ನಲ್ಲಿ ಗಾಡಿ ತುಂಬಾ ಹೊತ್ತು ನಿಂತಿತು. ಅಲ್ಲಿಂದ ಮುಂದೆ ಘಟ್ಟ. 37 ಅಡಿ ಹೋದರೆ ಒಂದು ಅಡಿ ಇಳಿಯುವ ಹಾದಿ ಅದು, ರೈಲಿಗೆ ತುಂಬಾ ಕಡಿದು. ಹಾಗಾಗಿ ಗಾಡಿ ನಡೆದುಕೊಂಡು ಹೋದ ಹಾಗೆ ಹೋಗುತ್ತದೆ. ಸುರಂಗ, ಕತ್ತಲು, ಮತ್ತೆ ಸುರಂಗ. ದೂಧ್‌ಸಾಗರ್ ಬಳಿ ಬಂದಾಗ ಬಾಗಿಲ ಹತ್ತಿರ ಹೋಗಿ ನಿಂತೆ. ಏನೂ ಕಾಣಲಿಲ್ಲ. ನೀರಿನ ಸದ್ದು ಮಾತ್ರ, ಮುಖಕ್ಕೆ ತಣ್ಣನೆ ಗಾಳಿ. ಹಗಲು ಹೊತ್ತು ಇದೇ ಜಲಪಾತವನ್ನು ನಾಲ್ಕೈದು ಸಲ ನೋಡಿದ್ದೇನೆ. ಕತ್ತಲಲ್ಲಿ ಕೇಳಿದ್ದೇ ಜಾಸ್ತಿ ನೆನಪಿದೆ.

ವಾಸ್ಕೋದಲ್ಲಿ ಇಳಿದಾಗ ಇನ್ನೂ ಬೆಳಗಿನ ಜಾವ. ಓಣಿಯಲ್ಲಿ ಬ್ರೆಡ್ ಮಾರುವ ಪೊದೇರ್ ಸೈಕಲ್ಲಿನ ಹಾರ್ನ್ ಒತ್ತುತ್ತಾ ಪಾವ್, ಪೊಯಿ ಮಾರುತ್ತಿದ್ದ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಬಂದಿ ಏನೋ ತಮ್ಮಾ? ಮ್ಯಾಚ್ ಇದ್ರ ಅಷ್ಟ ನಿನಗ ಅಕ್ಕನ ನೆನಪ ಆಗತದ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷವಾಗಿತ್ತು ಬಂದು.

ಭಾವ ಗದಗ ಕಡೆಯವರು. ತೊಂಬತ್ತರ ದಶಕದಲ್ಲಿ ಮುರ್ಮುಗಾಂವ್ ಬಂದರಿನ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದರು. ಅವರ ಓಣಿಯಲ್ಲಿ ನಡೆದರೆ ಗೋವಾದಲ್ಲಿದ್ದೇನೆ ಅನ್ನಿಸುವುದೇ ಇಲ್ಲ. ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು. ಇನ್ನೊಂದು ಮನೆಯ ಕಟ್ಟೆ ಮೇಲೆ ಕೊಪ್ಪಳದ ಅಜ್ಜಿಯೊಬ್ಬರು ಶೇಂಗಾ ಸುಲಿಯುತ್ತಿದ್ದರು. ದೀಪಾವಳಿಗೆ ಇನ್ನು ಆರೇ ದಿನ. ಹುಡುಗರು ಬೀದಿಯ ಮೂಲೆಯಲ್ಲಿ ನರಕಾಸುರನನ್ನು ಕಟ್ಟುತ್ತಿದ್ದರು. ಬಿದಿರು, ಹುಲ್ಲು, ಹಳೆಯ ಪೇಪರ್. ತಲೆ ಇನ್ನೂ ಕೂರಿಸಿರಲಿಲ್ಲ. ಕೊಂಕಣಿ ಹುಡುಗರು, ನಮ್ಮ ಕಡೆಯ ಹುಡುಗರು ಎಲ್ಲ ಸೇರಿ ಕಟ್ಟುತ್ತಿದ್ದರು. ನಮ್ಮ ಅಳಿಯನೂ ಅವರಲ್ಲೊಬ್ಬ. ಹತ್ತನೇ ಕ್ಲಾಸು, ಲೆಫ್ಟ್ ಬ್ಯಾಕ್ ಆಡುತ್ತಾನೆ. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಕೊಂಕಣಿ.

ಆಡದೆ ಬೆಳೆಯುವುದು ಇಲ್ಲಿ ಕಷ್ಟವೇ. 1883ರಲ್ಲಿ ಶಿವೋಲಿ ಊರಿಗೆ ಬಂದ ಐರಿಷ್ ಪಾದ್ರಿ ವಿಲಿಯಂ ಲಯನ್ಸ್ ಈ ಆಟವನ್ನು ಗೋವಾಕ್ಕೆ ತಂದರು ಎನ್ನುತ್ತಾರೆ. ಆಮೇಲೆ ಅದು ಚರ್ಚಿನ ಅಂಗಳದಿಂದ ಕೊಯ್ಲಾದ ಗದ್ದೆಗೆ, ಗದ್ದೆಯಿಂದ ಊರೂರಿಗೆ ಹೋಯಿತು. ಬ್ರಹ್ಮಾನಂದ ಸಂಖವಾಳ್ಕರ್, ಬ್ರೂನೋ ಕುಟಿನ್ಹೊ, ಇಬ್ಬರೂ ಇಲ್ಲಿಂದಲೇ ಹೋಗಿ ಭಾರತದ ನಾಯಕರಾದವರು. ಹಳ್ಳಿಯ ಮೈದಾನದಲ್ಲಿ ಸಂಜೆ ಆಟ ನೋಡಲು ಬಂದ ಮುದುಕರು ಈಗಲೂ ಆ ಹೆಸರುಗಳನ್ನು ಮನೆಯವರ ಹೆಸರಿನ ಹಾಗೆ ಹೇಳುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಮಧ್ಯಾಹ್ನ ಊಟ ಮುಗಿಸಿ ಮಡಗಾಂವ್ ಬಸ್ ಹತ್ತಿದೆವು. ವಿಮಾನ ನಿಲ್ದಾಣ ದಾಟಿ, ವೆರ್ಣಾ ದಾಟಿ, ಒಂದು ಗಂಟೆಯ ದಾರಿ. ಮಡಗಾಂವ್‌ನ ಕದಂಬ ಬಸ್ ಸ್ಟ್ಯಾಂಡ್‌ನಿಂದ ಫಟೋರ್ಡಾಕ್ಕೆ ನಡೆದೇ ಹೋಗಬಹುದು. ಗೋವಾದ ಸರ್ಕಾರಿ ಬಸ್ಸಿನ ಮೇಲೆ 'ಕದಂಬ' ಎಂಬ ಹೆಸರು ಕಂಡರೆ ಬನವಾಸಿ ನೆನಪಾಗುತ್ತದೆ, ಅಲ್ವಾ? ನನಗಂತೂ ಪ್ರತಿ ಸಲ ಖುಷಿ. ದಾರಿಯಲ್ಲಿ ಒಂದು ಗಾಡೊ, ಅಂದರೆ ತಿಂಡಿ ಗಾಡಿ, ಹತ್ತಿರ ನಿಂತು ರೋಸ್ ಆಮ್ಲೆಟ್ ತಿಂದೆವು. ಆಮ್ಲೆಟ್ ಮೇಲೆ ಬಿಸಿ ಕೋಳಿ ಸಾರು ಸುರಿದು, ಹೆಚ್ಚಿದ ಈರುಳ್ಳಿ ಉದುರಿಸಿ, ಪಾವ್ ಜೊತೆ ಕೊಡುತ್ತಾರೆ. ಭಾವ ಎರಡನೇ ಪ್ಲೇಟ್ ಹೇಳಿದರು. "2004ರಾಗೂ ಹಿಂಗ ಎರಡ ತಿಂದ ಹೋಗಿದ್ದೆ" ಅಂದರು. ಅವರ ಮುಖ ನೋಡಿದರೆ ಅದು ಬರೀ ಹಸಿವಿಗೆ ತಿಂದದ್ದಲ್ಲ ಅಂತ ಗೊತ್ತಾಗುತ್ತಿತ್ತು. ನಾನೂ ಎರಡು ತಿಂದೆ.

ಇನ್ನು ಆಟದ ಲೆಕ್ಕ. 2027ರ ಏಷ್ಯನ್ ಕಪ್ ನಡೆಯುವುದು ಸೌದಿ ಅರೇಬಿಯಾದಲ್ಲಿ, 24 ತಂಡಗಳು. ಅದರಲ್ಲಿ 18 ಜಾಗ ಮೊದಲೇ ತುಂಬಿದ್ದವು. ಉಳಿದ ಆರು ಜಾಗಕ್ಕೆ 24 ತಂಡಗಳು, ನಾಲ್ಕು ನಾಲ್ಕರಂತೆ ಆರು ಗುಂಪು. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಬಾಗಿಲು. ಎರಡನೆಯವರಿಗೆ ಏನೂ ಇಲ್ಲ. ಹೋದ ಸಲ ಎರಡನೆಯವರಲ್ಲೂ ಕೆಲವರಿಗೆ ಅವಕಾಶ ಇತ್ತು, ಆದರೆ ನಮಗೆ ಅದು ಬೇಕಾಗಲಿಲ್ಲ. 2022ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಮೂರಕ್ಕೆ ಮೂರೂ ಗೆದ್ದಿದ್ದೆವು. ಹಾಂಗ್ ಕಾಂಗ್‌ಗೆ ನಾಲ್ಕು ಗೋಲು ಹಾಕಿದ್ದೆವು.

ಅದೇ ಹಾಂಗ್ ಕಾಂಗ್ 2025ರ ಜೂನ್‌ನಲ್ಲಿ ನಮ್ಮನ್ನು 1–0ಯಿಂದ ಸೋಲಿಸಿತು. ಅದಕ್ಕೂ ಮೊದಲು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ ಗೋಲಿಲ್ಲದ ಡ್ರಾ. ಅಕ್ಟೋಬರ್ 9ರಂದು ಸಿಂಗಪುರದಲ್ಲಿ 1–1. ಆ ಪಂದ್ಯದಲ್ಲಿ ಸಂದೇಶ್ ಜಿಂಗಾನ್ ರೆಡ್ ಕಾರ್ಡ್ ಪಡೆದು ಹೊರಗೆ ಹೋದರು. ಹತ್ತೇ ಜನ ಉಳಿದಿದ್ದರು. ಕೊನೆಯ ನಿಮಿಷದಲ್ಲಿ ರಹೀಮ್ ಅಲಿ ಗೋಲು ಹೊಡೆದು ಜೀವ ಉಳಿಸಿದರು. ಹೀಗೆ ಮೂರು ಪಂದ್ಯ, ಎರಡೇ ಅಂಕ. ಫಟೋರ್ಡಾದಲ್ಲಿ ಗೆಲ್ಲಲೇಬೇಕಿತ್ತು. ಆ ರೆಡ್ ಕಾರ್ಡಿನಿಂದಾಗಿ ಜಿಂಗಾನ್ ಇರಲಿಲ್ಲ.

ಪಂದ್ಯ ರಾತ್ರಿ ಏಳೂವರೆಗೆ. ನಾವು ಬೇಗನೇ ಒಳಗೆ ಹೋದೆವು. ಈ ಸ್ಟೇಡಿಯಂ 1989ರಲ್ಲಿ ಆರೇ ತಿಂಗಳಲ್ಲಿ ಎದ್ದು ನಿಂತದ್ದು. 2017ರ 17 ವರ್ಷದೊಳಗಿನವರ ವಿಶ್ವಕಪ್ ಕೂಡ ಇಲ್ಲಿ ನಡೆದಿದೆ. ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ಆಟಗಾರರು ಇರುವೆಯ ಹಾಗೆ ಕಾಣುತ್ತಾರೆ. ಇಲ್ಲಿ ಹಾಗಲ್ಲ. ಗೋಲ್‌ಕೀಪರ್ ಕೂಗುವುದು ಕೇಳಿಸುತ್ತದೆ. ಸೆಕೆ ಮೈಗೆ ಅಂಟುತ್ತಿತ್ತು. ರಾಷ್ಟ್ರಗೀತೆಗೆ ಎದ್ದು ನಿಂತಾಗ ಭಾವನ ಕಣ್ಣು ಒದ್ದೆಯಾಗಿದ್ದನ್ನು ನೋಡಿದೆ, ನೋಡದವನ ಹಾಗೆ ಮುಂದೆ ತಿರುಗಿದೆ.

ಹದಿನಾಲ್ಕನೇ ನಿಮಿಷ. ಲಾಲಿಯನ್‌ಜುವಾಲಾ ಛಾಂಗ್ಟೆಗೆ ಪೆನಾಲ್ಟಿ ಬಾಕ್ಸಿನ ಹೊರಗೆ ಚೆಂಡು ಸಿಕ್ಕಿತು. ಎಡಗಾಲಿನಿಂದ ಹೊಡೆದರು. ಚೆಂಡು ಹೋಗುವ ದಾರಿ ನೋಡಿದ ಕೂಡಲೇ ಗೊತ್ತಾಯಿತು, ಇದು ಗೋಲೇ. ಆಮೇಲೆ ಏನಾಯಿತು ಅಂತ ಸರಿಯಾಗಿ ನೆನಪಿಲ್ಲ. ಅಳಿಯ ನನ್ನ ಕೊರಳಿಗೆ ಜೋತುಬಿದ್ದಿದ್ದ. ಮುಂದಿನ ಸಾಲಿನ ಗೊತ್ತಿಲ್ಲದ ಮನುಷ್ಯರೊಬ್ಬರು ಭಾವನ ಕೈ ಹಿಡಿದು ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದರು. ಭಾವ ಗದಗಿನ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು.

ಮೂವತ್ತು ನಿಮಿಷ ಆ ಸುಖ ಇತ್ತು. 44ನೇ ನಿಮಿಷದಲ್ಲಿ ಸಾಂಗ್ ಉಯ್-ಯಂಗ್ ಗೋಲು ಹೊಡೆದು ಸರಿಸಮ ಮಾಡಿದರು. ಕೊರಿಯಾದಲ್ಲಿ ಹುಟ್ಟಿ ಸಿಂಗಪುರದ ಪೌರರಾದವರು ಇವರು. ಹಾಫ್‌ಟೈಮ್‌ಗೆ ಇನ್ನು ಒಂದೇ ನಿಮಿಷ ಇತ್ತು. ಆ ಹೊತ್ತಿನಲ್ಲಿ ಬಿಟ್ಟ ಗೋಲು ಎಷ್ಟು ಭಾರ ಅಂತ ಆಡಿದವರಿಗೆ ಗೊತ್ತು. ಕಾಲೇಜಿನಲ್ಲಿ ನಾನೂ ಡಿಫೆನ್ಸ್‌ನಲ್ಲಿ ಆಡಿದವನು. ಡ್ರೆಸ್ಸಿಂಗ್ ರೂಮಿಗೆ ಹೋಗುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

58ನೇ ನಿಮಿಷದಲ್ಲಿ ಮತ್ತೆ ಅವರೇ. 1–2. ಸ್ಟೇಡಿಯಂ ಒಂದು ಕ್ಷಣ ಸುಮ್ನೆ ಆಯಿತು. ಆಮೇಲೆ ಡೋಲು ಮತ್ತೆ ಶುರು. ಉಳಿದ ಅರ್ಧ ಗಂಟೆ ನಮ್ಮವರು ಚೆಂಡು ಹಿಡಿದು ಮುಂದೆ ಹೋಗುತ್ತಲೇ ಇದ್ದರು, ಆದರೆ ಕೊನೆಯ ಪಾಸ್ ಬರುತ್ತಿರಲಿಲ್ಲ. ಕಾಲು ಸೋತಿದ್ದು ಮೇಲೆ ಕುಳಿತವರಿಗೂ ಕಾಣುತ್ತಿತ್ತು. ಇದನ್ನು ನಾನು ಆಟಗಾರರ ತಪ್ಪು ಅನ್ನಲಾರೆ. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ನಮ್ಮ ದೇಶದ ಕ್ಲಬ್ ಲೀಗ್ ಐಎಸ್‌ಎಲ್ ಆ ವರ್ಷ ಶುರುವೇ ಆಗಿರಲಿಲ್ಲ. ವಾರವಾರ ತೊಂಬತ್ತು ನಿಮಿಷ ಓಡದ ಕಾಲು ಎಪ್ಪತ್ತನೇ ನಿಮಿಷದಲ್ಲಿ ಮಾತು ಕೇಳುವುದಿಲ್ಲ. ಕೋಚ್ ಖಾಲಿದ್ ಜಮೀಲ್ ಬಂದದ್ದು ಆಗಸ್ಟ್‌ನಲ್ಲಷ್ಟೇ. ಬಂದ ಕೂಡಲೇ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಪೆನಾಲ್ಟಿಯಲ್ಲಿ ಒಮಾನ್ ತಂಡವನ್ನು ಸೋಲಿಸಿ ಮೂರನೇ ಸ್ಥಾನ ತಂದಿದ್ದರು. ಮುಂಚೆಯೇ ನಿವೃತ್ತಿ ಹೇಳಿದ್ದ ಸುನಿಲ್ ಛೆಟ್ರಿ 41ನೇ ವಯಸ್ಸಿನಲ್ಲಿ ಮತ್ತೆ ನೀಲಿ ಅಂಗಿ ತೊಟ್ಟು ತಂಡದಲ್ಲಿದ್ದರು. ನಮ್ಮ ಬೆಂಗಳೂರಿನ ಕ್ಲಬ್ಬಿನ ಮನುಷ್ಯ. ಅವರ ಜಾಗಕ್ಕೆ ಇನ್ನೊಬ್ಬರನ್ನು ಬೆಳೆಸದೆ ಇಷ್ಟು ವರ್ಷ ಕಳೆದೆವಲ್ಲ ಅನ್ನುವುದು ನನ್ನ ಸಂಕಟ.

ವಿಸಿಲ್ ಊದಿತು. ಕೆಲವು ಆಟಗಾರರು ಹುಲ್ಲಿನ ಮೇಲೇ ಕುಳಿತರು. ನಾವೂ ಸ್ವಲ್ಪ ಹೊತ್ತು ಏಳಲಿಲ್ಲ.

ವಾಸ್ಕೋಗೆ ಹೋಗುವ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಮನೆ ತಲುಪಿದಾಗ ಹನ್ನೊಂದು ದಾಟಿತ್ತು. ಅಕ್ಕ ಏನೂ ಕೇಳದೆ ತಟ್ಟೆ ಇಟ್ಟು ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅಳಿಯ ತಟ್ಟೆ ಮುಟ್ಟಲಿಲ್ಲ. "ಮಾಮಾ, ಇನ್ನೂ ಎರಡು ಮ್ಯಾಚ್ ಅದಾವಲ್ಲ. ಏನಾರ ಚಾನ್ಸ್ ಅದ ಏನು?" ಅಂದ. ನಾನು ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡೆ. ಅವತ್ತೇ ಹಾಂಗ್ ಕಾಂಗ್–ಬಾಂಗ್ಲಾದೇಶ ಪಂದ್ಯ 1–1 ಆಗಿತ್ತು. ಬರೆದೆ: ಸಿಂಗಪುರ 8, ಹಾಂಗ್ ಕಾಂಗ್ 8, ಬಾಂಗ್ಲಾದೇಶ 2, ಭಾರತ 2. ನಾವು ಉಳಿದ ಎರಡನ್ನೂ ಗೆದ್ದರೆ 8. ಅಲ್ಲಿಯವರೆಗೆ ಅವನ ಕಣ್ಣು ಹೊಳೆಯುತ್ತಿತ್ತು. ಆದರೆ ಸಿಂಗಪುರ ಮತ್ತು ಹಾಂಗ್ ಕಾಂಗ್ ಇನ್ನೊಂದು ಸಲ ಎದುರಾಗಬೇಕು. ಡ್ರಾ ಆದರೆ ಇಬ್ಬರಿಗೂ 9. ಯಾರಾದರೂ ಗೆದ್ದರೆ ಅವರಿಗೆ 11. ಹೇಗೆ ನೋಡಿದರೂ ಒಬ್ಬರು ನಮಗಿಂತ ಮೇಲೆ.

ಅವನೇ ಪೆನ್ನು ತೆಗೆದುಕೊಂಡು ಎರಡು ಸಲ ಕೂಡಿ ನೋಡಿದ. ಲೆಕ್ಕ ಬದಲಾಗಲಿಲ್ಲ. ಆಮೇಲೆ ಎದ್ದು ಹೋಗಿ ಮುಖ ತೊಳೆದು ಬಂದು ಊಟ ಮಾಡಿದ.

ಭಾವ ಹಾಸಿಗೆ ಹಾಸುವ ಮೊದಲು ತಗಡಿನ ಡಬ್ಬಿ ತಂದರು. ಈ ಸಲದ ಟಿಕೆಟ್ ಹುಡುಗನ ಫೋನಿನೊಳಗಿತ್ತು, ಕೈಯಲ್ಲಿ ಹಿಡಿಯಲು ಏನೂ ಇರಲಿಲ್ಲ. "ಆ ಹಾಳಿ ಕೊಡ ಇಲ್ಲೆ" ಅಂದರು. ನಾಲ್ಕು ಮಡಿಕೆ ಮಾಡಿ 2004ರ ತುಂಡಿನ ಜೊತೆಗೆ ಇಟ್ಟರು.

ಮರುದಿನ ನಾನು ಧಾರವಾಡಕ್ಕೆ ಮರಳಿದೆ.

ನವೆಂಬರ್ 18ರ ರಾತ್ರಿ ಅಳಿಯನ ಫೋನ್ ಬಂತು. ಢಾಕಾದಲ್ಲಿ ನಾವು ಬಾಂಗ್ಲಾದೇಶದ ಎದುರು 0–1ರಿಂದ ಸೋತಿದ್ದೆವು. ಅತ್ತ ಹಾಂಗ್ ಕಾಂಗ್‌ನಲ್ಲಿ ಸಿಂಗಪುರ 2–1ರಿಂದ ಗೆದ್ದು ಏಷ್ಯನ್ ಕಪ್‌ಗೆ ಹೋಯಿತು. 1984ರಲ್ಲಿ ತಾನೇ ಆತಿಥೇಯ ಆಗಿದ್ದಾಗ ಆಡಿದ್ದು ಬಿಟ್ಟರೆ, ಸ್ವಂತ ಬಲದಿಂದ ಇದೇ ಮೊದಲು. "ಒಳ್ಳೇ ಆಡಿದ್ರು ಮಾಮಾ, ನಮ್ಮ ಮೈದಾನದಾಗೂ ಅವ್ರ ಛಲೋ ಆಡಿದ್ರು" ಅಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆಮ್ಮೆ ಆಯಿತು. ಅಪ್ಪ ಏನು ಮಾಡುತ್ತಿದ್ದಾರೆ ಅಂತ ಕೇಳಿದೆ. ಡಬ್ಬಿಯಿಂದ ಆ ಹಾಳೆ ತೆಗೆಸಿ, ಸಿಂಗಪುರದ 8 ಅಳಿಸಿ 11 ಎಂದು ಬರೆದರಂತೆ. ಬಾಂಗ್ಲಾದೇಶದ ಮುಂದೆ 5. ನಮ್ಮ 2ರ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡು ಕೂತು, ಹಾಳೆಯನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಒಳಗಿಟ್ಟರಂತೆ.