ಆರತಿ ಒಳಗೆ, ತಮಟೆ ಹೊರಗೆ

ಸೆಪ್ಟೆಂಬರ್ ಮಳೆಗೂ ತಮಟೆಗೂ ಆಗಿಬರುವುದಿಲ್ಲ. ಚರ್ಮ ಥಂಡಿ ಎಳೆದುಕೊಂಡು ಸಡಿಲವಾಗುತ್ತದೆ. ಆಗ ಬಡಿದರೆ ನೆನೆದ ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದು. ಬೆಂಕಿಗೆ ಹಿಡಿದರೆ ಮಾತ್ರ ಸರಿಹೋಗುವುದು.

ಹೋದ ವರ್ಷ ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಸಂಜೆ ನಮ್ಮ ಚಿಕ್ಕಪ್ಪ ಚರ್ಚ್ ಕಾಂಪೌಂಡಿನ ಹೊರಗೆ, ಮೋರಿ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದರು. ಒಣಗಿದ ತೆಂಗಿನ ಗರಿ, ಅದರ ಮೇಲೆ ಒಂದು ಹಿಡಿ ಹುಲ್ಲು. ಉರಿಯ ಮೇಲೆ ತಮಟೆಯನ್ನು ರೊಟ್ಟಿ ತಿರುಗಿಸಿದ ಹಾಗೆ ತಿರುಗಿಸುತ್ತಾ, ನಡುನಡುವೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಜಾಸ್ತಿ ಕಾದರೆ ಚರ್ಮ ಬಿರಿಯುತ್ತದೆ. ಕಮ್ಮಿಯಾದರೆ ದನಿ ಏಳುವುದಿಲ್ಲ. ಸುಟ್ಟ ಚರ್ಮದ ವಾಸನೆ ನನಗೆ ಚಿಕ್ಕಂದಿನಿಂದ ಹಬ್ಬದ ವಾಸನೆ. ಆ ಕಡೆ ಹೋಗುತ್ತಿದ್ದ ಇಬ್ಬರು ಹೆಂಗಸರು ಸೆರಗು ಮೂಗಿಗೆ ಹಿಡಿದುಕೊಂಡರು.

ಒಳಗೆ ಬಲಿಪೂಜೆ, ಅಂದರೆ ಮಾಸ್, ಶುರುವಾಗಿತ್ತು. ರೇಷ್ಮೆ ಲಂಗ ಹಾಕಿದ ಆರು ಹುಡುಗಿಯರು ಹಿತ್ತಾಳೆ ತಟ್ಟೆ ಹಿಡಿದು ಆರತಿ ಎತ್ತುತ್ತಿದ್ದರು. ಬಲಿಪೀಠದ ಪಕ್ಕ ಎತ್ತರದ ಎಣ್ಣೆ ದೀಪ. ಕೆಜಿಎಫ್‌ನಿಂದ ಬಂದ ಬ್ಯಾಂಡ್‌ಸೆಟ್‌ನವರು ಕೆಂಪು ಕೋಟು ತೊಟ್ಟು, ಬಾಗಿಲ ಒಳಗೇ ಸಾಲಾಗಿ ನಿಂತಿದ್ದರು. ತಮಟೆ ಮಾತ್ರ ಗೇಟಿನಾಚೆ. ತೇರು ಬೀದಿಗೆ ಇಳಿದ ಮೇಲೆ ಬಾರಿಸಿ, ಅಲ್ಲಿವರೆಗೆ ಬೇಡ ಅಂತ ಹಬ್ಬದ ಕಮಿಟಿ ಹೇಳಿತ್ತು.

ಕಮಿಟಿಯ ಒಬ್ಬರನ್ನು ಹಿಡಿದು ಯಾಕೆ ಅಂತ ಕೇಳಿದೆ. ಅವರೂ ನಮ್ಮ ಕೇರಿಯವರೇ. ನನ್ನ ಹತ್ತಿರ ಓದಿದ ಹುಡುಗನ ಅಪ್ಪ.

"ಸಾವಿಗೆ ಬಾರಿಸೋದಲ್ವಾ ಟೀಚರ್. ಮಾತೆ ಮುಂದೆ ಚೆನ್ನಾಗಿರಲ್ಲ."

ಚಿಕ್ಕಪ್ಪನ ಕಿವಿಗೆ ಬಿತ್ತು. ತಲೆ ಎತ್ತಲಿಲ್ಲ. ತಮಟೆಯನ್ನು ಇನ್ನೊಂದು ಸುತ್ತು ತಿರುಗಿಸಿ, "ಶಿಲುಬೆ ಏನು ಮದುವೆ ಚಪ್ಪರದಿಂದ ಕಿತ್ಕೊಂಡು ಬಂದಿದ್ದಾ?" ಅಂದರು.

ಆ ಮಾತು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ಕಥೆ ಹೇಳಬೇಕು. ಆರತಿ ತಟ್ಟೆ ಹಿಡಿದವರಲ್ಲಿ ನಾನೂ ಒಬ್ಬಳು. 1988. ನನಗೆ ಆಗ ಹನ್ನೆರಡು. ಬಂಗಾರಪೇಟೆ ಹತ್ತಿರದ ನಮ್ಮ ಸಣ್ಣ ಊರಿನ ಚರ್ಚಿನಲ್ಲಿ ಮೊದಲ ಸಲ ಆರತಿ ಎತ್ತಿದ್ದು ಆ ವರ್ಷವೇ. ಅಪ್ಪ ಉಪದೇಶಿ. ಫಾದರ್ ಇಲ್ಲದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವುದು, ಸತ್ತ ಮನೆಗೆ ಮೊದಲು ಓಡುವುದು ಎಲ್ಲಾ ಅವರದೇ. ಬೆಂಗಳೂರಿನ ಎನ್‌ಬಿಸಿಎಲ್‌ಸಿಯಲ್ಲಿ ಉಪದೇಶಿಗಳ ತರಬೇತಿಗೆ ಹೋಗಿ ಬಂದಿದ್ದರು. ಅದು ಬೈಬಲ್, ಜ್ಞಾನೋಪದೇಶ, ಪೂಜಾವಿಧಿಗೆ ಅಂತ ಇರುವ ಕಥೋಲಿಕರ ರಾಷ್ಟ್ರೀಯ ಕೇಂದ್ರ. ಅಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ನೋಡಿದ್ದನ್ನು ವಾರಗಟ್ಟಲೆ ಹೇಳಿದರು. ಆ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಮಾಡಿದವರೂ ಅವರೇ.

ಲೋಕದ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಯ ಬಗ್ಗೆ ಹೊರಡಿಸಿದ ಪತ್ರ ಜನರ ಭಾಷೆಗೆ ಬಾಗಿಲು ತೆರೆಯಿತು. ಆಮೇಲೆ ಭಾರತದ ಬಿಷಪ್ಪರು ಕೇಳಿಕೊಂಡ ಹನ್ನೆರಡು ಅಂಶಗಳಿಗೆ ರೋಮ್ 1969ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು. ಮೊಣಕಾಲೂರುವ ಬದಲು ಕೈ ಮುಗಿಯಬಹುದು. ಮೇಣದಬತ್ತಿ ಬದಲು ಎಣ್ಣೆ ದೀಪ. ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಆರತಿ. ಅಪ್ಪ ಈ ಹನ್ನೆರಡನ್ನೂ ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಆರತಿಯ ಪಕ್ಕ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದಾರೆ.

ಎಷ್ಟು ಖುಷಿ ಇತ್ತು ಅವತ್ತು! ಎದುರು ಮನೆಯ ಅಕ್ಕನ ರೇಷ್ಮೆ ಸೀರೆಯನ್ನು ನಾಲ್ಕು ಪಿನ್ ಹಾಕಿ ನನಗೆ ಸುತ್ತಿದ್ದರು. ಕರ್ಪೂರದ ಬಿಸಿಗೆ ತಟ್ಟೆಯ ಅಂಚು ಸುಡುತ್ತಿತ್ತು. ಕೈ ಬಿಡುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಮನೆಗೆ ಬಂದು ಅಜ್ಜಿಗೆ ಬೊಬ್ಬೆ ಎದ್ದ ಬೆರಳು ತೋರಿಸಿದೆ. ಅಜ್ಜಿ ಬೆರಳು ನೋಡಲೇ ಇಲ್ಲ. ಅಪ್ಪನ ಕಡೆ ತಿರುಗಿ, "ನಮ್ಮನ್ನ ಆ ಗುಡಿಯೊಳಕ್ಕೆ ಬಿಡದೆ ಇದ್ದಿದ್ದಕ್ಕೆ ತಾನೆ ಇಲ್ಲಿಗೆ ಬಂದಿದ್ದು? ಈಗ ಆ ಗುಡೀನೇ ಎತ್ಕೊಂಡು ಬಂದವ್ರಲ್ಲಪ್ಪಾ!" ಅಂದರು.

ಅಪ್ಪ ಏನೂ ಹೇಳಲಿಲ್ಲ. ಆ ರಾತ್ರಿ ಇಬ್ಬರೂ ಮಾತಾಡದೆ ಮುದ್ದೆ ತಿಂದಿದ್ದು ನೆನಪಿದೆ.

ಅಜ್ಜಿ ಕ್ರೈಸ್ತರಾಗಿದ್ದು ಯಾವ ಉಪದೇಶ ಕೇಳಿಯೂ ಅಲ್ಲ. ಅವರು ಚಿಕ್ಕವರಿದ್ದಾಗ ಒಬ್ಬ ಫ್ರೆಂಚ್ ಸ್ವಾಮಿ ಕುದುರೆ ಮೇಲೆ ಬರುತ್ತಿದ್ದರಂತೆ. ಕೇರಿಯ ಗುಡಿಸಲಿಗೆ ಬಗ್ಗಿ ನುಗ್ಗಿ, ಚಾಪೆ ಮೇಲೆ ಕೂತು, ಅಜ್ಜಿಯ ಅಮ್ಮ ಕೊಟ್ಟ ನೀರು ಕುಡಿದರಂತೆ. ಅಷ್ಟೇ ಕಥೆ. "ನೀರು ಕುಡಿದ ಕಣೇ" ಅಂತ ಸಾಯುವವರೆಗೂ ಹೇಳುತ್ತಿದ್ದರು. ಊರಿನ ಬೇರೆ ಯಾರೂ ಆ ಲೋಟ ಮುಟ್ಟುತ್ತಿರಲಿಲ್ಲ.

ಆಮೇಲೆ ಟೀಚರ್ ಆಗಿ, ನಾಲ್ಕು ಪುಸ್ತಕ ಓದಿದ ಮೇಲೆ ಗೊತ್ತಾಯಿತು, ಈ ಜಗಳ ನಮ್ಮಜ್ಜಿಯದೊಂದೇ ಅಲ್ಲ, ನಾನೂರು ವರ್ಷದ್ದು. 1606ರಲ್ಲಿ ರಾಬರ್ಟೊ ಡಿ ನೊಬಿಲಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಮದುರೈಗೆ ಬಂದರು. ಕಾವಿ ಉಟ್ಟರು, ಗಂಧ ಇಟ್ಟರು, ಜನಿವಾರ ಹಾಕಿಕೊಂಡರು, ಮಾಂಸ ಬಿಟ್ಟರು, ಸಂಸ್ಕೃತ ಕಲಿತರು. ಯುರೋಪಿನಿಂದ ಬಂದವರಿಗೆ ಬಾಗಿಲೇ ತೆರೆಯದ ಮನೆಗಳು ಅವರಿಗೆ ತೆರೆದವು. ಇದು ಸರಿಯೇ ತಪ್ಪೇ ಅಂತ ರೋಮ್‌ವರೆಗೂ ದೂರು ಹೋಗಿ, ಕೊನೆಗೆ 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಜನಿವಾರ, ಜುಟ್ಟು, ಗಂಧ ಎಲ್ಲಕ್ಕೂ ಅನುಮತಿ ಕೊಟ್ಟರು. ಸ್ಥಳೀಯ ಸಂಸ್ಕೃತಿಗೆ ಹೊಂದಿಕೊಳ್ಳುವುದು ಅಂದರೆ ಇವತ್ತಿಗೂ ಎಲ್ಲರೂ ಇವರ ಹೆಸರು ಹೇಳುತ್ತಾರೆ. ಧೈರ್ಯವಂತರು, ಇಲ್ಲ ಅನ್ನಲ್ಲ. ಆದರೆ ಅದೇ ಮದುರೈನಲ್ಲಿ ಅವರಿಗಿಂತ ಮೊದಲೇ ಪರವರ್ ಎಂಬ ಮೀನುಗಾರ ಜಾತಿಯವರ ನಡುವೆ ಇದ್ದ ಇನ್ನೊಬ್ಬ ಗುರುವಿನ ಮನೆ ಬಿಟ್ಟು ನೊಬಿಲಿ ಬೇರೆ ಇರಬೇಕಾಯಿತು, ಬೇರೆ ಉಣ್ಣಬೇಕಾಯಿತು. ಅಲ್ಲಿ ಇದ್ದರೆ ಬ್ರಾಹ್ಮಣರು ಬರುತ್ತಿರಲಿಲ್ಲವಲ್ಲ.

ಇನ್ನೂ ಒಂದು ಸಂಗತಿ ಇದೆ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಪೋಪರ ಪ್ರತಿನಿಧಿಯಾಗಿ 1703ರಲ್ಲಿ ಪಾಂಡಿಚೇರಿಗೆ ಬಂದ ಟೂರ್ನೊನ್ ಎಂಬವರು 1704ರಲ್ಲಿ ಈ ಹೊಂದಾಣಿಕೆಗಳಲ್ಲಿ ಹಲವನ್ನು ನಿಷೇಧಿಸಿದರು. ಪಿಳ್ಳೆಯಾರ್ (ಗಣೇಶ) ಇರುವ ತಾಳಿ ಕಟ್ಟಬಾರದು, ಮದುವೆಯಲ್ಲಿ ತೆಂಗಿನಕಾಯಿ ಒಡೆಯಬಾರದು ಇತ್ಯಾದಿ. ಓದುತ್ತಾ ನನಗೂ ಸಿಟ್ಟು ಬಂತು, ಇವರ್ಯಾರು ನಮ್ಮ ತೆಂಗಿನಕಾಯಿ ಕೇಳೋಕೆ ಅಂತ. ಆದರೆ ಅದೇ ಆದೇಶದಲ್ಲಿ ಇನ್ನೆರಡು ಮಾತಿದೆ. ಮುಟ್ಟಾದ ಹೆಂಗಸರನ್ನು ಸಂಸ್ಕಾರಗಳಿಂದ ದೂರ ಇಡಬಾರದು. ಕಾಯಿಲೆ ಬಿದ್ದ ಪರಯರ, ಅಂದರೆ ತಮಿಳುನಾಡಿನ ನಮ್ಮಂಥ ದಲಿತರ, ಮನೆಗೆ ಗುರುಗಳು ಹೋಗಲೇಬೇಕು. ಅಂದರೆ ಅಲ್ಲಿವರೆಗೆ ಹೋಗುತ್ತಿರಲಿಲ್ಲ! ಮೇಲುಜಾತಿಯವರು ಬಿಟ್ಟುಹೋಗುತ್ತಾರೆ ಅಂತ ಭಯ. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಈ ಆದೇಶವನ್ನು ಇನ್ನೂ ಬಿಗಿ ಮಾಡಿದರು. ಆಗ ಹುಡುಕಿದ ಉಪಾಯ ಏನು ಗೊತ್ತಾ? ಪರಯರಿಗೆ ಅಂತಲೇ ಬೇರೆ ಗುರುಗಳು.

ನಮ್ಮ ಸಂಸ್ಕೃತಿಯನ್ನು ಗೌರವಿಸಿದವರು ನಮ್ಮ ಮನೆಗೆ ಬರಲಿಲ್ಲ. ಅದಕ್ಕೆ ಕಲ್ಲು ಹಾಕಿದ ವಿದೇಶಿ ಮನುಷ್ಯ 'ಅವರ ಮನೆಗೆ ಹೋಗಿ' ಅಂದ. ಇದನ್ನು ಯಾವ ಕಡೆಗೆ ಸೇರಿಸಲಿ? ಆ ರಾತ್ರಿ ಅಜ್ಜಿಯ ನೀರಿನ ಲೋಟ ಪದೇ ಪದೇ ಕಣ್ಣ ಮುಂದೆ ಬಂತು.

ಹೋದ ವರ್ಷ ಹಬ್ಬ ಮುಗಿದ ವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾನು ತಮಟೆ ವಿಷಯ ಎತ್ತಿದೆ. ಬೆಂಗಳೂರಿನಲ್ಲಿರುವ ತಮ್ಮನ ಮಗ ತಕ್ಷಣ ಒಂದು ವಿಡಿಯೋ ಹಾಕಿದ. 2019ರ ಅಕ್ಟೋಬರ್‌ನದು. ಅಮೆಜಾನ್ ಕಾಡಿನ ಜನರ ಬಗ್ಗೆ ರೋಮ್‌ನಲ್ಲಿ ಬಿಷಪ್ಪರ ಸಭೆ ನಡೆಯುತ್ತಿದ್ದಾಗ, ಅಲ್ಲಿಯವರು ತಂದಿದ್ದ ಬಸುರಿ ಹೆಂಗಸಿನ ಮರದ ಗೊಂಬೆಗಳನ್ನು ಚರ್ಚಿನಿಂದ ಕದ್ದು ಟೈಬರ್ ನದಿಗೆ ಎಸೆದಿದ್ದು. ಪಾಚಮಾಮ, ಅಂದರೆ ಭೂಮಿತಾಯಿ, ಅಂತ ಹೆಸರಾಯಿತಲ್ಲ, ಅದೇ. ಪೋಪ್ ಫ್ರಾನ್ಸಿಸ್ ರೋಮ್‌ನ ಬಿಷಪ್ ಆಗಿ ಕ್ಷಮೆ ಕೇಳಿದರು. "ನೋಡಿ ಅತ್ತೆ, ಎಲ್ಲಾ ಬಿಟ್ಟುಕೊಂಡರೆ ಕೊನೆಗೆ ಇದೇ ಆಗೋದು" ಅಂತ ಹುಡುಗ ಬರೆದಿದ್ದ. ನಾನು ಅವನಿಗೆ ಮೆಕ್ಸಿಕೋದ ಸುದ್ದಿ ಕಳಿಸಿದೆ. 2024ರ ನವೆಂಬರ್‌ನಲ್ಲಿ ಅಲ್ಲಿನ ಚಿಯಾಪಾಸ್‌ನ ಮೂಲನಿವಾಸಿಗಳಿಗೆ ಪೂಜೆಯಲ್ಲಿ ಅವರ ಕುಣಿತ, ಹೆಂಗಸರೇ ಧೂಪ ಹಾಕುವುದು ಇದಕ್ಕೆಲ್ಲ ವ್ಯಾಟಿಕನ್ ಒಪ್ಪಿಗೆ ಕೊಟ್ಟಿದೆ. ಅವನು ಬರೀ ಹೆಬ್ಬೆರಳು ಒತ್ತಿದ. ಒಪ್ಪಿದನೋ, ಸಾಕು ಅಂದನೋ ತಿಳಿಯಲಿಲ್ಲ.

ಚಿಯಾಪಾಸ್‌ನ ಕುಣಿತ ಅಲ್ಲಿನ ಬಡ ಜನರದೇ ಕುಣಿತ. ಅದನ್ನೇ ಒಳಗೆ ಕರೆದರು. ನಮ್ಮಲ್ಲಿ ಹಾಗಾಗಲಿಲ್ಲ. 'ಭಾರತೀಯ' ಅಂದ ಕೂಡಲೇ ಸಂಸ್ಕೃತ ಶ್ಲೋಕ, ಕಾವಿ ಶಾಲು, ಕಾಲುದೀಪ ನೆನಪಾಯಿತು. ಚರ್ಮದ ವಾದ್ಯ ಯಾರಿಗೂ ನೆನಪಾಗಲಿಲ್ಲ. ಇದು ಬರೀ ನನ್ನ ಹೊಟ್ಟೆಕಿಚ್ಚಲ್ಲ, ದಲಿತ ಕ್ರೈಸ್ತರು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿರುವ ಮಾತು. ಭಾರತದ ಬಿಷಪ್ಪರ ಮಂಡಳಿಯೇ 2016ರ ಡಿಸೆಂಬರ್‌ನಲ್ಲಿ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿ, ಧರ್ಮಸಭೆಯ ಒಳಗೂ ಭೇದ ಇದೆ ಎಂದು ಒಪ್ಪಿಕೊಂಡಿತು. ಭಾರತದ ದಲಿತರೊಬ್ಬರು ಕಾರ್ಡಿನಲ್ ಆಗಲು 2022ರವರೆಗೆ ಕಾಯಬೇಕಾಯಿತು. ಹೈದರಾಬಾದಿನ ಅಂತೋನಿ ಪೂಲ ಅವರು.

ಹಾಗಂತ ಆರತಿ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಆ ಆರು ಹುಡುಗಿಯರಲ್ಲಿ ನಮ್ಮ ಪಕ್ಕದ ಮನೆ ಮಗುವೂ ಇತ್ತು. ಅದರ ಮುಖ ನೋಡಿದ್ದರೆ ನೀವೂ ಹೇಳುತ್ತಿರಲಿಲ್ಲ. ದೀಪ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಮತ್ತೆ ನಾವು ಬಳಸುವ ಪದಗಳನ್ನೇ ನೋಡಿ. ಪೂಜೆ, ಜಪಸರ, ಪರಮಪ್ರಸಾದ, ಜ್ಞಾನಸ್ನಾನ. ಇದೆಲ್ಲ ಎಲ್ಲಿಂದ ಬಂತು ಅಂತ ಅಜ್ಜಿಯೂ ಕೇಳಲಿಲ್ಲ.

ಯಾವ ಪಟ್ಟಿಯಲ್ಲೂ ಇಲ್ಲದ ಒಂದನ್ನು ಹೇಳುತ್ತೇನೆ. ಅಪ್ಪ ತೀರಿಕೊಂಡಿದ್ದು 2016ರಲ್ಲೇ. ಮೂರನೇ ದಿನ ಹಾಲುತುಪ್ಪ ಬಿಡಬೇಕು. ನಮ್ಮ ಕಡೆ ಯಾವ ಜಾತಿ, ಯಾವ ಧರ್ಮವಾದರೂ ಇದನ್ನು ಬಿಟ್ಟವರು ಕಮ್ಮಿ. ಆಗ ಇದ್ದವರು ಚಿಕ್ಕ ವಯಸ್ಸಿನ ಫಾದರ್, ಬೇರೆ ಜಿಲ್ಲೆಯವರು. ಅಮ್ಮ ಹೆದರಿಕೊಂಡೇ ಕೇಳಿದರು, "ಫಾದರ್, ನಮ್ಮಲ್ಲಿ ಹಾಲುತುಪ್ಪ ಅಂತ ಮಾಡ್ತೀವಿ." ಅವರಿಗೆ ಏನು ಹೇಳಬೇಕೋ ತೋಚಲಿಲ್ಲ ಅನ್ಸುತ್ತೆ. ಸುಮ್ನೆ ನಮ್ಮ ಜೊತೆ ಸಮಾಧಿಗೆ ನಡೆದು ಬಂದರು. ಎಲೆಯ ಮೇಲೆ ಮುದ್ದೆ, ಹುರುಳಿಕಾಳು ಸಾರು, ಒಂದು ಕಟ್ಟು ಬೀಡಿ. ಬೀಡಿ ನೋಡಿ ಫಾದರ್ ನಕ್ಕರು. ಅಣ್ಣ ಹಾಲು ಬಿಟ್ಟ, ನಾನು ಬಿಟ್ಟೆ. ಆಮೇಲೆ ಅವರೇ ಕೈ ಚಾಚಿ ಚೊಂಬು ಇಸಿದುಕೊಂಡು ಸ್ವಲ್ಪ ಬಿಟ್ಟು, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರು ಮಾಡಿದರು. ದೂರದಲ್ಲಿ ಚಿಕ್ಕಪ್ಪನ ತಮಟೆ ನಡೀತಾನೇ ಇತ್ತು. ಯಾರೂ ನಿಲ್ಲಿಸು ಅನ್ನಲಿಲ್ಲ.

ಈಗ ಚಿಕ್ಕಪ್ಪನಿಗೆ ಅರವತ್ತೆಂಟು. 2023ರಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಪೇಪರಿನ ಆ ತುಂಡು ಕತ್ತರಿಸಿ ಯೇಸುವಿನ ತಿರುಹೃದಯದ ಪಟದ ಕೆಳಗೆ ಅಂಟಿಸಿದ್ದಾರೆ. ಹೋದ ವಾರ ಕಮಿಟಿಯವರು ಮನೆಗೆ ಬಂದಿದ್ದರಂತೆ. ಈ ವರ್ಷ ಒಳಗೆ ಬಾರಿಸಬಹುದು, ಆದರೆ ಪ್ಲಾಸ್ಟಿಕ್ ತಮಟೆ ತನ್ನಿ ಅಂದರಂತೆ. ಬೆಂಕಿ ಬೇಡ, ವಾಸನೆ ಬೇಡ. ದುಡ್ಡೂ ಅವರೇ ಕೊಟ್ಟು ಹೋಗಿದ್ದಾರೆ.

ನಿನ್ನೆ ಹೋಗಿದ್ದೆ. ಪ್ಲಾಸ್ಟಿಕ್ ತಮಟೆ ಅಂಗಡಿಯ ಕವರ್ ಸಮೇತ ಅಟ್ಟದ ಮೇಲಿತ್ತು. "ಬಾರಿಸಿ ನೋಡಿದ್ರಾ?" ಅಂದೆ. "ಬಕೆಟ್ ಬಡಿದಂಗದೆ" ಅಂದರು. ಹಳೇದನ್ನು ಅಂಗಳದಲ್ಲಿ ಬಿಸಿಲಿಗೆ ಒರಗಿಸಿ ಇಟ್ಟಿದ್ದರು. ಆಗಸ್ಟ್ 29ಕ್ಕೆ ಹಬ್ಬದ ಕೊಡಿ, ಅಂದರೆ ಬಾವುಟ, ಏರುತ್ತದೆ. ಯಾವುದನ್ನು ತಗೊಂಡು ಹೋಗ್ತೀರಾ ಅಂತ ಕೇಳಿದ್ದಕ್ಕೆ, ಆಕಾಶ ನೋಡಿ, "ಮಳೆ ಬರಂಗದೆ, ಒಳಗಿಡು" ಅಂತ ಹಳೇ ತಮಟೆಯನ್ನು ನನ್ನ ಕೈಗೆ ಕೊಟ್ಟರು.